ನಲವತ್ತು ಏಜೆಂಟರೂ ಬೇಡ ಅಂದರೆ ತಪ್ಪು ಕಾದಂಬರಿಯದ್ದಾ?

1,60,000 ಪದಗಳ ಮೊದಲ ಕಾದಂಬರಿ. ಲೇಖಕರ ಪರವಾಗಿ ಪ್ರಕಾಶಕರಿಗೆ ಪುಸ್ತಕ ಮಾರಿಕೊಡುವ 40 ಏಜೆಂಟರಿಗೆ ಒಂದೇ ದಿನ ಕ್ವೆರಿ ಲೆಟರ್, ಅಂದರೆ ಕಾದಂಬರಿಯನ್ನು ಪರಿಚಯಿಸಿ ಓದುತ್ತೀರಾ ಅಂತ ಕೇಳುವ ಪತ್ರ, ಕಳಿಸಿದಿರಿ, ಒಬ್ಬರೂ ಹಸ್ತಪ್ರತಿ ಕೇಳಲಿಲ್ಲ. ಈಗ ಕಾದಂಬರಿಯನ್ನೇ ಮತ್ತೆ ಬರೆಯಲಾ, ಇಲ್ಲ ನೇರವಾಗಿ ಪ್ರಕಾಶಕರಿಗೆ ಕಳಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನಿಮ್ಮ ಕಾದಂಬರಿಯನ್ನು ಇನ್ನೂ ಯಾರೂ ಓದಿಯೇ ಇಲ್ಲವಲ್ಲ! ಅವರು ನೋಡಿದ್ದು ಪತ್ರವನ್ನು, ಹೆಚ್ಚೆಂದರೆ ಜೊತೆಗಿದ್ದ ಮೊದಲ ಹತ್ತು ಪುಟವನ್ನು.

ನಾನೂ ಇದನ್ನೇ ಮಾಡಿದ್ದೆ. ನನ್ನ ಮೊದಲ ಪತ್ರ ಎರಡೂವರೆ ಪುಟ ಇತ್ತು. ಕಥೆ ಹೇಗೆ ಹೊಳೆಯಿತು, ಎಷ್ಟು ವರ್ಷ ಒದ್ದಾಡಿದೆ, ಯಾವುದರ ಹಿಂದೆ ಯಾವ ಅರ್ಥ ಇದೆ, ಎಲ್ಲ ಬರೆದಿದ್ದೆ. ಗೆಳತಿಯೊಬ್ಬಳು ಓದಿ, "ಇದರಲ್ಲಿ ಬರೀ ನೀನೇ ಇದ್ದೀಯಲ್ಲ, ಕಥೆ ಎಲ್ಲಿ?" ಅಂದಳು. ಸಿಟ್ಟು ಬಂತು. ಆದರೆ ಮಾತು ನಿಜ.

ಪತ್ರ ಒಂದು ಪುಟ ದಾಟಬಾರದು, 300 ಪದ ಸಾಕು. ಕಥೆ ಯಾರದ್ದು, ಆ ಮನುಷ್ಯನಿಗೆ ಏನು ಬೇಕು, ಯಾವುದು ಅಡ್ಡ ಬರುತ್ತದೆ, ಸಿಗದಿದ್ದರೆ ಏನು ಕಳೆದುಕೊಳ್ಳುತ್ತಾನೆ. ಇಷ್ಟು ಬಂದರೆ ಮುಕ್ಕಾಲು ಕೆಲಸ ಆಯ್ತು. ಕೊನೆ ಹೇಳಬೇಡಿ. ಕೊನೆ ಹೇಳಬೇಕಾದ್ದು ಸಿನಾಪ್ಸಿಸ್‌ನಲ್ಲಿ, ಅಂದರೆ ಇಡೀ ಕಥೆಯ ಸಾರಾಂಶದಲ್ಲಿ, ಅಲ್ಲಿ ಮುಚ್ಚಿಟ್ಟರೆ ತಪ್ಪು. ಆಮೇಲೆ ಪತ್ರದಲ್ಲಿ ಕಾದಂಬರಿಯ ಹೆಸರು, ಪ್ರಕಾರ, ಪದಗಳ ಲೆಕ್ಕ, ಇದೇ ಬಗೆಯ ಓದುಗರಿಗೆ ಹಿಡಿಸಿದ ಈಚಿನ ಒಂದೆರಡು ಪುಸ್ತಕ, ನಿಮ್ಮ ಬಗ್ಗೆ ಎರಡು ಸಾಲು. ಮನೆಯವರೆಲ್ಲ ಮೆಚ್ಚಿಕೊಂಡರು ಅನ್ನೋದನ್ನು ದಯವಿಟ್ಟು ಬಿಡಿ.

ಆ 1,60,000 ಕೂಡ ನಿಮ್ಮ ದಾರಿಗೆ ಅಡ್ಡ ಬಂದಿರಬಹುದು. ದೊಡ್ಡವರಿಗಾಗಿ ಬರೆದ ಮೊದಲ ಕಾದಂಬರಿಗೆ ಸಾಮಾನ್ಯವಾಗಿ 80,000ದಿಂದ 1,00,000 ಪದ ಅನ್ನುತ್ತಾರೆ. ಜಾಸ್ತಿ ಕಂಡರೆ, ಇವರಿಗೆ ತಿದ್ದೋಕೆ ಬರಲ್ಲ ಅಂದುಕೊಳ್ಳುವವರಿದ್ದಾರೆ. ಒಬ್ಬೊಬ್ಬ ಏಜೆಂಟರ ಸೈಟ್‌ನಲ್ಲಿ ಬೇರೆ ಬೇರೆ ನಿಯಮ ಇರುತ್ತದೆ. ಒಬ್ಬರಿಗೆ ಹತ್ತು ಪುಟ, ಇನ್ನೊಬ್ಬರಿಗೆ ಮೂರು ಅಧ್ಯಾಯ. ಬೇಜಾರಿನ ಕೆಲಸ, ಆದರೂ ಅವರು ಹೇಳಿದಷ್ಟೇ ಕಳಿಸಿ.

ಮುಂದಿನ ಸಲ ಆರೆಂಟು ಜನಕ್ಕೆ ಮಾತ್ರ ಕಳಿಸಿ ಕಾಯಿರಿ. ಬರುವ ಉತ್ತರಗಳನ್ನು ನೋಡಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ. ಯಾರೂ ಏನೂ ಕೇಳದಿದ್ದರೆ ಪತ್ರ ಅಥವಾ ಮೊದಲ ಪುಟಗಳು. ಮೂರು ಅಧ್ಯಾಯ ತರಿಸಿಕೊಂಡು ಬೇಡ ಅಂದರೆ ಬರವಣಿಗೆ ಪತ್ರದಷ್ಟು ಚುರುಕಾಗಿಲ್ಲ. ಪೂರ್ತಿ ಓದಿ ಬೇಡ ಅಂದರೆ ಆಗ ಕಾದಂಬರಿಯನ್ನು ಅನುಮಾನಿಸಿ. 40 ಜನಕ್ಕೆ ಒಟ್ಟಿಗೆ ಕಳಿಸಿದರೆ ಈ ಪಾಠ ಸಿಗುವಷ್ಟರಲ್ಲಿ ಪಟ್ಟಿಯೇ ಖಾಲಿ, ಅಲ್ವಾ?

ಪ್ರಕಾಶಕರ ವಿಷಯ. ಅಮೆರಿಕ, ಬ್ರಿಟನ್‌ನ ದೊಡ್ಡ ಸಂಸ್ಥೆಗಳಲ್ಲಿ ಹೆಚ್ಚಿನವು ಏಜೆಂಟ್ ಇಲ್ಲದೆ ಕಾದಂಬರಿ ನೋಡುವುದಿಲ್ಲ, ಸಣ್ಣವುಗಳಲ್ಲಿ ಹಲವು ನೋಡುತ್ತವೆ. ಆದರೆ ಅಲ್ಲೆಲ್ಲ ಒಮ್ಮೆ 'ಬೇಡ' ಅನ್ನಿಸಿಕೊಂಡರೆ, ಮುಂದೆ ಸಿಗುವ ಏಜೆಂಟ್ ಅದೇ ಕೃತಿಯನ್ನು ಅದೇ ಬಾಗಿಲಿಗೆ ಒಯ್ಯುವುದು ಕಷ್ಟ. ಹಾಗಾಗಿ ಏಜೆಂಟರದ್ದು ಮುಗಿಯಲಿ. ಯಾವುದಾದರೂ ಏಜೆಂಟ್ ಓದೋಕೆ ಫೀಸು ಕೇಳಿದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ. ಏಜೆಂಟರಿಗೆ ದುಡ್ಡು ಬರುವುದು ಪುಸ್ತಕ ಮಾರಿದ ಮೇಲೆ, ಸಾಮಾನ್ಯವಾಗಿ ನಿಮ್ಮ ಗಳಿಕೆಯ 15%.

ನನ್ನ ಎರಡನೇ ಸುತ್ತಿನಲ್ಲಿ ಏಳು ಜನರಲ್ಲಿ ಇಬ್ಬರು ಅಧ್ಯಾಯ ಕೇಳಿದರು, ಒಬ್ಬರು ಪೂರ್ತಿ ತರಿಸಿಕೊಂಡರು. ನಾಲ್ಕು ತಿಂಗಳ ಮೇಲೆ ಬೇಡ ಅಂದರು, ನಡುವಿನ ನೂರು ಪುಟ ಎಳೆದಂತಿದೆ ಅಂತ ಕಾರಣವನ್ನೂ ಬರೆದರು. ಈಗ ಆ ನೂರು ಪುಟದಲ್ಲೇ ಇದ್ದೇನೆ.