ಹಳೆಯ ಡೆಸ್ಕ್‌ಟಾಪ್ ಇದ್ದಕ್ಕಿದ್ದಂತೆ ಆಫ್ ಆಗಿ ರೀಸ್ಟಾರ್ಟ್ ಆಗುತ್ತಿದೆ. ಮದರ್‌ಬೋರ್ಡ್ ಹೋಗಿದೆ ಎನ್ನುತ್ತಾರೆ. ಹೊಸದನ್ನೇ ಕೊಳ್ಳಬೇಕೆ?

ನಿಮ್ಮ ಪ್ರಶ್ನೆಯಿಂದ ನಾನು ಗ್ರಹಿಸಿದ್ದು ಇಷ್ಟು: 2014ರಲ್ಲಿ ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ನಾಲ್ಕನೆಯ ತಲೆಮಾರಿನ ಕೋರ್ ಐ3 ಪ್ರೊಸೆಸರ್, ನಾಲ್ಕು ಜಿಬಿಯ ಎರಡು ರ್‍ಯಾಮ್‌ಗಳು, ವಿಂಡೋಸ್ 10. ಪ್ರತ್ಯೇಕ ಯುಪಿಎಸ್ ಇಲ್ಲ, ಮನೆಯ ಇನ್ವರ್ಟರ್ ಲೈನಿನಲ್ಲೇ ಓಡುತ್ತಿದೆ. ಕೆಲವು ವಾರಗಳಿಂದ ಯಾವ ಮುನ್ಸೂಚನೆಯೂ ಇಲ್ಲದೆ ಪರದೆ ಕಪ್ಪಾಗಿ ಯಂತ್ರ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಆಗ ಮನೆಯ ದೀಪಗಳು ಆರಿರುವುದಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಕೊಟ್ಟರೂ ಗುಣವಾಗಲಿಲ್ಲ, ಈಗ ಮದರ್‌ಬೋರ್ಡ್ ಹೋಗಿದೆ ಎನ್ನುತ್ತಿದ್ದಾರೆ.

ಈಗಲೇ ಹೊಸದನ್ನು ಕೊಳ್ಳಬೇಡಿ. ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬನ್ನು ಬಹಳ ಕಾಲ ನೋಡಿಕೊಂಡವನಾದ್ದರಿಂದ ಈ ವಯಸ್ಸಿನ ಯಂತ್ರಗಳ ಸ್ವಭಾವ ನನಗೆ ಸಾಕಷ್ಟು ಪರಿಚಿತ. ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ನನ್ನ ಮೊದಲ ಅನುಮಾನ, ಮನೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲೆ, ಅದರ ಜೊತೆಗೆ ಇನ್ವರ್ಟರ್ ಮೇಲೆ. ಮದರ್‌ಬೋರ್ಡಿನ ಸರದಿ ಬಹಳ ಹಿಂದೆ. ಆದರೆ ಅನುಮಾನದ ಮೇಲೆ ಹಣ ಖರ್ಚು ಮಾಡುವುದು ಬೇಡ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಅವನ್ನು ಶುರು ಮಾಡುವ ಮೊದಲು ಫೋಟೋ, ದಾಖಲೆ, ಲೆಕ್ಕಪತ್ರಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ, ಏಕೆಂದರೆ ಫೈಲ್ ಬರೆಯುತ್ತಿರುವಾಗಲೇ ಕರೆಂಟ್ ಕಳೆದುಕೊಳ್ಳುವ ಯಂತ್ರದಲ್ಲಿ ಯಾವ ಫೈಲ್ ಯಾವಾಗ ಕೆಡುತ್ತದೆಂದು ಹೇಳಲಾಗದು.

ಕಂಪ್ಯೂಟರ್ ನಿಂತುಹೋಯಿತು ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ನಿಲ್ಲುವ ಬಗೆಗಳು ಬೇರೆ ಬೇರೆ. ಸ್ವಿಚ್ ತೆಗೆದಂತೆ ಒಮ್ಮೆಲೇ ಆರಿಹೋದರೆ ವಿದ್ಯುತ್ ಪೂರೈಕೆಯನ್ನೋ ಶಾಖವನ್ನೋ ಶಂಕಿಸಬೇಕು. ವಿಂಡೋಸ್ ದೋಷವನ್ನು ಸೂಚಿಸುವ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆದರೆ ರ್‍ಯಾಮ್, ಡ್ರೈವರ್ ಅಥವಾ ಡಿಸ್ಕ್ ಕಡೆಗೆ ನೋಡಬೇಕು. ಚಿತ್ರ ಹಾಗೇ ನಿಂತು ಮೌಸ್ ಅಲುಗಾಡದೆ ಹೋದರೆ ಹುಡುಕಾಟದ ದಾರಿ ಇನ್ನೊಂದು. ತೊಂದರೆಯೆಂದರೆ ನೀಲಿ ಪರದೆ ಬಂದ ಕೂಡಲೇ ರೀಸ್ಟಾರ್ಟ್ ಮಾಡುವಂತೆ ವಿಂಡೋಸ್ ಮೊದಲೇ ಹೊಂದಿಸಲ್ಪಟ್ಟಿರುತ್ತದೆ. ನೀವು ಅಡುಗೆಮನೆಯಿಂದ ಬರುವಷ್ಟರಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ಎಂಬಲ್ಲಿಗೆ ಹೋಗಿ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಗುರುತನ್ನು ತೆಗೆದುಬಿಡಿ. ಇನ್ನು ಮುಂದೆ ನೀಲಿ ಪರದೆ ಬಂದರೆ ನೀವು ಓದುವವರೆಗೂ ಅದು ಅಲ್ಲೇ ನಿಂತಿರುತ್ತದೆ.

ಆಗಿಹೋದ ಘಟನೆಗಳ ಬಗ್ಗೆ ತಿಳಿಯಲು, ವಿಂಡೋಸ್ ಬರೆದಿಟ್ಟುಕೊಂಡ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಕರ್ನಲ್-ಪವರ್ ಹೆಸರಿನ 41ನೇ ಸಂಖ್ಯೆಯ ನಮೂದನ್ನು ಹುಡುಕಿ. ಬಹಳ ಜನ ಈ 41ನ್ನು ನೋಡಿದ ಕೂಡಲೇ ಅದನ್ನೇ ರೋಗವೆಂದು ತಿಳಿಯುತ್ತಾರೆ. ಅದು ಹೇಳುವುದು ಇಷ್ಟೇ: ಹಿಂದಿನ ಬಾರಿ ಯಂತ್ರ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. ನಿಜವಾದ ಸುಳಿವು ಅದರ ಡೀಟೇಲ್ಸ್ ಪುಟದಲ್ಲಿದೆ. ಅಲ್ಲಿ ಬಗ್‌ಚೆಕ್‌ಕೋಡ್ ಎಂಬ ಸಾಲಿನಲ್ಲಿ 0 ಇದ್ದರೆ, ವಿಂಡೋಸ್‌ಗೆ ದೋಷವನ್ನು ದಾಖಲಿಸಲೂ ಸಮಯ ಸಿಗಲಿಲ್ಲ, ಬಹುತೇಕ ಅದರ ಕಾಲ ಕೆಳಗಿನ ವಿದ್ಯುತ್ತೇ ಹೋಯಿತು ಎಂದು ತಿಳಿಯಬಹುದು. ಬೇರೆ ಸಂಖ್ಯೆ ಇದ್ದರೆ ಅದು ದಶಮಾನ ಪದ್ಧತಿಯಲ್ಲಿರುತ್ತದೆ ಎಂಬುದನ್ನು ನೆನಪಿಡಿ. ನೀಲಿ ಪರದೆಯ ಕೋಡ್‌ಗಳು ಹದಿನಾರರ ಪದ್ಧತಿಯವು. ಅಲ್ಲಿ 292 ಎಂದಿದ್ದರೆ ಅಂತರ್ಜಾಲದಲ್ಲಿ 124 ಎಂಬ ಸ್ಟಾಪ್ ಕೋಡನ್ನು ಹುಡುಕಬೇಕು. ಅದು ಹಾರ್ಡ್‌ವೇರ್ ತಾನೇ ವರದಿ ಮಾಡಿದ ದೋಷ. 26 ಎಂದಿದ್ದರೆ ಕೋಡ್ 1ಎ, ರ್‍ಯಾಮ್ ಮೇಲೆ ಅನುಮಾನ. 122 ಎಂದಿದ್ದರೆ 7ಎ, ಅದು ಹೆಚ್ಚಾಗಿ ಡಿಸ್ಕ್ ಅಥವಾ ಅದರ ಕೇಬಲ್ ಕಡೆಗೆ ಬೆರಳು ತೋರಿಸುತ್ತದೆ.

ನಿಮಗೆ 0 ಕಾಣುತ್ತದೆ ಎಂದು ನಾನು ಊಹಿಸುತ್ತೇನೆ. ಅಂಗಡಿಯವರು ಮಾಡಿದ ಫಾರ್ಮ್ಯಾಟ್ ಕೂಡ ತಿಳಿಯದೆಯೇ ನಿಮಗೊಂದು ಉಪಕಾರ ಮಾಡಿದೆ: ಹೊಸದಾಗಿ ಹಾಕಿದ ವಿಂಡೋಸ್‌ನಲ್ಲೂ ತೊಂದರೆ ಹಾಗೇ ಇರುವುದರಿಂದ ವೈರಸ್, ಹಳೆಯ ತಂತ್ರಾಂಶದ ಕಸ ಮುಂತಾದವು ಲೆಕ್ಕದಿಂದ ಹೊರಬಿದ್ದವು. ಯಾವ ಕಾಯಿಲೆಗೂ ಫಾರ್ಮ್ಯಾಟ್ ಒಂದನ್ನೇ ಮದ್ದಾಗಿ ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲವಾದರೂ ಆದದ್ದರಿಂದ ಪ್ರಯೋಜನ ಪಡೆಯಬಹುದು. ಇನ್ನೂ ಖಚಿತ ಬೇಕಿದ್ದರೆ ಪೆನ್‌ಡ್ರೈವ್‌ನಿಂದ ಉಬುಂಟುವನ್ನು (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಲಿನಕ್ಸ್ ವ್ಯವಸ್ಥೆ) ಇನ್‌ಸ್ಟಾಲ್ ಮಾಡದೆ ಹಾಗೆಯೇ ಓಡಿಸಿ, ಕೆಲವು ಗಂಟೆ ಬಳಸಿ ನೋಡಿ. ಅಲ್ಲೂ ಆರಿಹೋದರೆ ವಿಂಡೋಸ್ ನಿರಪರಾಧಿ.

ಈಗ ಇನ್ವರ್ಟರ್ ವಿಷಯಕ್ಕೆ ಬರುತ್ತೇನೆ. ದೀಪ ಆರಲಿಲ್ಲವಾದ್ದರಿಂದ ಕರೆಂಟ್ ಹೋಗಿರಲಿಲ್ಲ ಎಂದು ನೀವು ತೀರ್ಮಾನಿಸಿದ್ದೀರಿ. ಇನ್ವರ್ಟರ್ ಇರುವ ಮನೆಯಲ್ಲಿ ಈ ತೀರ್ಮಾನ ನಿಲ್ಲುವುದಿಲ್ಲ. ಮನೆಬಳಕೆಯ ಇನ್ವರ್ಟರ್‌ಗಳ ಹಿಂಭಾಗದಲ್ಲೋ ಮುಂಭಾಗದಲ್ಲೋ ಸಾಮಾನ್ಯವಾಗಿ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಅದರಲ್ಲಿ ಒಂದು ಯುಪಿಎಸ್ ಮೋಡ್, ಇನ್ನೊಂದು ನಾರ್ಮಲ್ ಅಥವಾ ಇಕೋ ಮೋಡ್. ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದ ಕೂಡಲೇ ಅದು ಬ್ಯಾಟರಿಗೆ ಬದಲಾಗುತ್ತದೆ, ಬದಲಾವಣೆಯೂ ಬೇಗ ಮುಗಿಯುತ್ತದೆ. ನಾರ್ಮಲ್ ಮೋಡ್‌ನಲ್ಲಿ ವೋಲ್ಟೇಜ್ ನೂರರ ಸಮೀಪಕ್ಕೆ ಇಳಿಯುವವರೆಗೂ ಕಾಯುತ್ತದೆ, ಬದಲಾಗಲೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಪಕ್ಕದ ಮನೆಯಲ್ಲಿ ಬೋರ್‌ವೆಲ್ ಮೋಟಾರ್ ಶುರುವಾದಾಗ ಲೈನಿನ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಎಲ್‌ಇಡಿ ಬಲ್ಬು ಅದನ್ನು ನಮಗೆ ತೋರಿಸುವುದೇ ಇಲ್ಲ, ಫ್ಯಾನ್ ತನ್ನ ವೇಗದಲ್ಲೇ ತಿರುಗುತ್ತಿರುತ್ತದೆ, ಕಂಪ್ಯೂಟರ್ ಮಾತ್ರ ಸತ್ತಿರುತ್ತದೆ.

ಇಷ್ಟು ವರ್ಷ ಇದೇ ಇನ್ವರ್ಟರ್‌ನಲ್ಲಿ ಚೆನ್ನಾಗಿಯೇ ಓಡಿತ್ತಲ್ಲ ಎಂದು ನೀವು ಕೇಳಬಹುದು. ಇನ್ವರ್ಟರ್ ಬದಲಾಗದಿದ್ದರೂ ಎಸ್‌ಎಂಪಿಎಸ್ ಬದಲಾಗಿರಬಹುದು. ಒಳಬರುವ ವಿದ್ಯುತ್ ಪೂರ್ತಿ ನಿಂತರೂ ಸುಮಾರು 16ರಿಂದ 17 ಮಿಲಿಸೆಕೆಂಡ್ ಕಾಲ, ಎಂದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತಕ್ಕಿಂತ ತುಸು ಕಡಿಮೆ ಹೊತ್ತು, ಯಂತ್ರವನ್ನು ನಡೆಸುವಷ್ಟು ಶಕ್ತಿಯನ್ನು ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರ್‌ನಲ್ಲಿ ಹಿಡಿದಿಟ್ಟುಕೊಂಡಿರಬೇಕು. ಇನ್ವರ್ಟರ್ ಬದಲಾಗುವ ಅಂತರವನ್ನು ದಾಟಿಸುವುದು ಈ ದಾಸ್ತಾನೇ. ಆ ಕೆಪಾಸಿಟರ್‌ನೊಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ, ಶಾಖ ಹೆಚ್ಚಿದಷ್ಟೂ ಬೇಗ ಒಣಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ರೂಢಿಯ ಲೆಕ್ಕ. ಹನ್ನೊಂದು ಹನ್ನೆರಡು ವರ್ಷ ದೂಳು ಕುಡಿದ ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಆ ದಾಸ್ತಾನು ಬಹುಪಾಲು ಕರಗಿಹೋಗಿರುತ್ತದೆ. ಅದರ ಮೇಲಿನ ಚೀಟಿಯಲ್ಲಿ 450 ವ್ಯಾಟ್ ಎಂದು ಬರೆದಿರುವುದಕ್ಕೆ ಬೆಲೆ ಕೊಡಬೇಡಿ.

ಕಾಲೇಜಿನ ಗೇಟಿನ ಎದುರಿದ್ದ ಝೆರಾಕ್ಸ್ ಅಂಗಡಿಯಲ್ಲಿ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬಂದಿತ್ತು. ಲೇಸರ್ ಪ್ರಿಂಟರ್‌ಗೆ ಮೊದಲ ಪುಟ ಕಳಿಸಿದಾಗೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು, ಎರಡನೆಯ ಪುಟಕ್ಕೆ ಏನೂ ಆಗುತ್ತಿರಲಿಲ್ಲ. ಪ್ರಿಂಟರ್ ಡ್ರೈವರ್ ಕೆಟ್ಟಿದೆ ಎಂದು ಎಲ್ಲರೂ ಅದನ್ನೇ ಬದಲಿಸುತ್ತಿದ್ದರು. ಲೇಸರ್ ಪ್ರಿಂಟರ್ ತನ್ನ ಒಳಗಿನ ರೋಲರನ್ನು ಕಾಯಿಸಲು ಆರಂಭದಲ್ಲಿ ಭಾರೀ ಕರೆಂಟ್ ಎಳೆಯುತ್ತದೆ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದ ಕಂಪ್ಯೂಟರ್‌ಗೆ ಆ ಕ್ಷಣದ ಕುಸಿತವನ್ನು ತಾಳುವ ಶಕ್ತಿ ಇರಲಿಲ್ಲ. ಪ್ರಿಂಟರನ್ನು ಬೇರೆ ಪಾಯಿಂಟಿಗೆ ಹಾಕಿ ಎಸ್‌ಎಂಪಿಎಸ್ ಬದಲಿಸಿದ ಮೇಲೆ ಅದು ನಿಂತಿತು.

ನೀವು ಮಾಡಬೇಕಾದ ಪರೀಕ್ಷೆ ಸರಳ. ಇನ್ವರ್ಟರ್‌ಗೆ ಸೇರದ, ಅರ್ತಿಂಗ್ ಸರಿಯಿರುವ ಪಾಯಿಂಟಿನಲ್ಲಿ ಕಂಪ್ಯೂಟರನ್ನು ಕೆಲವು ದಿನ ಓಡಿಸಿ. ಅಷ್ಟರಿಂದಲೇ ತೊಂದರೆ ಗಣನೀಯವಾಗಿ ಕಡಿಮೆಯಾದರೆ ಅರ್ಧ ಉತ್ತರ ಸಿಕ್ಕಿತು. ಮಲ್ಟಿಮೀಟರ್ ಇದ್ದರೆ, ಒಳಗೆ ಬಳಸದೆ ಬಿಟ್ಟಿರುವ ನಾಲ್ಕು ಪಿನ್ನಿನ ಪವರ್ ಕನೆಕ್ಟರ್‌ನಲ್ಲಿ ಹಳದಿ ಮತ್ತು ಕಪ್ಪು ತಂತಿಗಳ ನಡುವೆ 12 ವೋಲ್ಟ್, ಕೆಂಪು ಮತ್ತು ಕಪ್ಪು ತಂತಿಗಳ ನಡುವೆ 5 ವೋಲ್ಟ್ ಅಳೆಯಬಹುದು; ಮೀಟರಿನ ಎರಡು ಮುಳ್ಳುಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಶೇ. 5ರಷ್ಟು ಏರಿಳಿತಕ್ಕೆ ಅವಕಾಶವಿದೆ, ಆದ್ದರಿಂದ 11.4ರಿಂದ 12.6ರ ನಡುವೆ ಇರಬೇಕು. ಸುಮ್ಮನಿದ್ದಾಗ 11.9 ತೋರಿಸಿ, ವಿಡಿಯೊ ಓಡಿಸಿದ ಕೂಡಲೇ 11.3ಕ್ಕೆ ಜಾರಿದರೆ ತೀರ್ಪು ಅಲ್ಲೇ ಸಿಕ್ಕಂತೆ. ಆದರೆ ಕ್ಷಣಾರ್ಧದ ಕುಸಿತ ಮೀಟರಿನ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಅಂಕಿ ಸರಿಯಾಗಿದ್ದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿಯಿದೆ ಎಂದಾಗುವುದಿಲ್ಲ. ಚೆನ್ನಾಗಿರುವ ಇನ್ನೊಂದನ್ನು ಸ್ನೇಹಿತರಿಂದ ತಂದು ಜೋಡಿಸಿ ನೋಡುವುದೇ ಕೊನೆಯ ಮಾತು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು.

ನಿಮ್ಮ ಪ್ರೊಸೆಸರ್ ತಲೆಮಾರಿಗೆ ವಿಶೇಷವಾದ ಒಂದು ಸಂಗತಿಯೂ ಇದೆ. ಕೆಲಸವಿಲ್ಲದಾಗ ಅದು ಸಿ6, ಸಿ7 ಎಂಬ ಗಾಢ ನಿದ್ರೆಯ ಸ್ಥಿತಿಗೆ ಜಾರಿ, ಬಹಳ ಕಡಿಮೆ ಕರೆಂಟ್ ಎಳೆಯುತ್ತದೆ; ಅದಕ್ಕೂ ಹಿಂದಿನ ವಿನ್ಯಾಸದ ಕೆಲವು ಎಸ್‌ಎಂಪಿಎಸ್‌ಗಳು ಅಷ್ಟು ಕಡಿಮೆ ಹೊರೆಯಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಕೆಲಸ ಮಾಡುವಾಗ ಚೆನ್ನಾಗಿದ್ದು, ನೀವು ಎದ್ದುಹೋದ ಮೇಲೆಯೇ ಆರಿಹೋಗುತ್ತಿದ್ದರೆ, ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ ಆ ಎರಡು ಸ್ಥಿತಿಗಳನ್ನು ನಿಷ್ಕ್ರಿಯಗೊಳಿಸಿ ನೋಡಿ.

ಶಾಖದ ಪರೀಕ್ಷೆಯನ್ನು ಬಿಡುವಂತಿಲ್ಲ. ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದರೆ ಪ್ರೊಸೆಸರ್ ಫ್ಯಾನ್ ಮೇಲಿನಿಂದ ಶುಭ್ರವಾಗಿಯೇ ಕಾಣಬಹುದು. ಫ್ಯಾನನ್ನು ಎತ್ತಿದಾಗ ಅದರ ಕೆಳಗೆ, ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ, ದೂಳು ಕಂಬಳಿಯಂತೆ ಹೆಣೆದುಕೊಂಡು ಕುಳಿತಿರುತ್ತದೆ. ಆ ಕೂಲರನ್ನು ಬೋರ್ಡಿಗೆ ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿ. ಒಂದು ಕಾಲು ಮೇಲೆದ್ದಿದ್ದರೂ ಪ್ರೊಸೆಸರ್‌ಗೂ ಕೂಲರ್‌ಗೂ ಸ್ಪರ್ಶ ತಪ್ಪುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಿರಿ. ಕೂಲರ್ ಕಳಚಿದರೆ ಹಳೆಯ ಥರ್ಮಲ್ ಪೇಸ್ಟನ್ನು (ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಲೇಪ) ಒರೆಸಿ ತೊಗರಿಬೇಳೆ ಗಾತ್ರದಷ್ಟು ಹೊಸದನ್ನು ಹಾಕಿ. ಕೋರ್ ಟೆಂಪ್‌ನಂಥ ಉಚಿತ ತಂತ್ರಾಂಶದಲ್ಲಿ ಹೊರೆಯಿರುವಾಗ 70, 75 ಡಿಗ್ರಿ ಕಂಡರೆ ಚಿಂತೆಯಿಲ್ಲ. 95 ದಾಟುತ್ತಿದ್ದರೆ ಅದೇ ಕಾರಣವಾಗಿರಬಹುದು, ಏಕೆಂದರೆ ನೂರರ ಆಸುಪಾಸಿನಲ್ಲಿ ಪ್ರೊಸೆಸರ್ ತನ್ನ ವೇಗ ತಗ್ಗಿಸಿಕೊಂಡು, ಅದಕ್ಕೂ ಬಗ್ಗದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಯಂತ್ರವನ್ನೇ ಆರಿಸುತ್ತದೆ.

ಬಗ್‌ಚೆಕ್‌ಕೋಡ್ 0 ಅಲ್ಲದಿದ್ದರೆ ಮಾತ್ರ ರ್‍ಯಾಮ್ ಮತ್ತು ಡಿಸ್ಕಿಗೆ ಹೋಗಿ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ, ಎರಡು ರ್‍ಯಾಮ್‌ಗಳನ್ನೂ ತೆಗೆದು ಮತ್ತೆ ಭದ್ರವಾಗಿ ಕೂರಿಸಿ. ಆಮೇಲೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಪ್ಲಸ್ ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಕಂಡರೂ ರ್‍ಯಾಮ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಡಿಸ್ಕಿಗೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ತಂತ್ರಾಂಶ ಸಾಕು: ಅದು ತೋರಿಸುವ ಪಟ್ಟಿಯಲ್ಲಿ 05, ಸಿ5, ಸಿ6 ಸಾಲುಗಳ ಕೊನೆಯ ಅಂಕಿ ಸೊನ್ನೆಯಿಂದ ಮೇಲೇರುತ್ತಿದ್ದರೆ ಡಿಸ್ಕ್ ಹೋಗುವ ದಾರಿಯಲ್ಲಿದೆ, ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ.

ಖರ್ಚಿನ ಬಗ್ಗೆ ನನ್ನ ಅಭಿಪ್ರಾಯ ಇದು. ಒಳ್ಳೆಯ ಕಂಪನಿಯ ಹೊಸ ಎಸ್‌ಎಂಪಿಎಸ್‌ಗೆ ಎರಡು ಮೂರು ಸಾವಿರ ರೂಪಾಯಿ ಹಾಕಬಹುದು, ಏಕೆಂದರೆ ನಾಳೆ ಹೊಸ ಯಂತ್ರ ಕಟ್ಟಿಸಿದರೂ ಅದು ಬಳಕೆಗೆ ಬರುತ್ತದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೂ ಬೋರ್ಡೇ ದೋಷಿ ಎಂದು ತಿಳಿದರೆ ಅದೇ ಕಾಲದ ಇನ್ನೊಂದು ಬೋರ್ಡಿಗೆ ಹಣ ಹಾಕಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುತ್ತದೆ ನಿಜ, ಆದರೆ ಅದಕ್ಕೂ ನಿಮ್ಮದರಷ್ಟೇ ವಯಸ್ಸಾಗಿರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ, ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹಾಗಾಗಿ ಯಂತ್ರ ಸರಿಹೋದರೆ ಲಿನಕ್ಸ್ ಹಾಕಿಕೊಳ್ಳುವ ಬಗ್ಗೆಯೂ ಯೋಚಿಸಿ.

41ರ ನಮೂದಿನಲ್ಲಿ ಸೊನ್ನೆಯಲ್ಲದೆ ಬೇರೆ ಸಂಖ್ಯೆ ಕಂಡರೆ ಅದನ್ನೂ, ಇನ್ವರ್ಟರ್ ಯಾವ ಮೋಡ್‌ನಲ್ಲಿತ್ತು ಎಂಬುದನ್ನೂ ಇಲ್ಲೇ ಕೆಳಗೆ ಬರೆಯಿರಿ.