ಬೀಗದ ಕೈ ಎಲ್ಲಿಡೋದು ಸರ್?

(ಮನೆ, ಮಂದಿ, ಸುರಕ್ಷತೆ: ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ಎಎಸ್‌ಐ ಒಬ್ಬರ ಉತ್ತರ)

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಳ್ಳರ ಬಗ್ಗೆಯೇ. ಮದುವೆ ಸೀಸನ್ ಅಲ್ವಾ, ಬರಲೇಬೇಕು. ಆದರೆ ಓದುತ್ತಾ ಹೋದ ಹಾಗೆ ನನಗೆ ದಿಗಿಲಾಗಿದ್ದು ಕಳ್ಳರ ವಿಷಯಕ್ಕಲ್ಲ. ಕಳ್ಳರಿಗೆ ಹೆದರಿ ನೀವು ಮಾಡಿಕೊಂಡಿರುವ, ಮಾಡಿಕೊಳ್ಳಬೇಕು ಅಂತಿರುವ ಏರ್ಪಾಡುಗಳಿಗೆ. ಒಂದೆರಡು ಉತ್ತರ ಖಾರವಾಗಿ ಕಂಡರೆ ಅದಕ್ಕೇ ಅಂತ ತಿಳಿಯಿರಿ.

ಪ್ರಶ್ನೆ: ತಂಗಿಯ ಮಗಳ ಮದುವೆಗೆ ನಾಲ್ಕು ದಿನ ಊರಿಗೆ ಹೋಗ್ತಿದ್ದೇವೆ. ಮನೆಗೆ ಬೀಗ. ದೊಡ್ಡ ಹೊಸ ಬೀಗವನ್ನೇ ತಂದಿದ್ದೇವೆ. ಬೀಗದ ಕೈಯನ್ನು ತುಳಸಿಕಟ್ಟೆ ಗೂಡಿನಲ್ಲಿ ಇಡೋಣ ಅಂತ ನಮ್ಮ ಮನೆಯವರು, ಮೀಟರ್ ಬೋರ್ಡ್ ಮೇಲೆ ಇಡೋಣ ಅಂತ ನಾನು. ಎಲ್ಲಿಡೋದು ಸರ್?
— ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಎರಡೂ ಬೇಡ ತಾಯಿ. ತುಳಸಿಕಟ್ಟೆ, ಮೀಟರ್ ಬೋರ್ಡ್, ಚಪ್ಪಲಿ ಸ್ಟ್ಯಾಂಡ್, ಹೂವಿನ ಕುಂಡ, ಬಾಗಿಲ ಮೇಲಿನ ಸಜ್ಜಾ. ಕಳ್ಳ ಮೊದಲು ಕೈಯಾಡಿಸುವುದೇ ಇಲ್ಲಿ. ಒಂದು ಕೈ ನಿಮ್ಮ ಪರ್ಸಿನಲ್ಲಿ, ಇನ್ನೊಂದು ನಂಬಿಕೆಯ ಪಕ್ಕದ ಮನೆಯವರ ಹತ್ತಿರ. ಅಷ್ಟೇ.

ದೊಡ್ಡ ಬೀಗದ ಬಗ್ಗೆ ಒಂದು ಮಾತು. ಹೊರಗೆ ನೇತಾಡುವ ಬೀಗ ಎಷ್ಟು ದೊಡ್ಡದಿದ್ದರೂ ‘ಮನೇಲಿ ಯಾರೂ ಇಲ್ಲ’ ಅಂತ ಬೀದಿಗೆಲ್ಲ ಸಾರುತ್ತೆ. ಅದನ್ನು ಒಡೆಯುವ ಗೋಜಿಗೂ ಕಳ್ಳರು ಹೋಗುವುದಿಲ್ಲ. ಒಂದು ಕಬ್ಬಿಣದ ಸಲಾಕೆ ತೂರಿಸಿ ಚಿಲಕದ ಕೊಂಡಿಯನ್ನೇ ಮೀಟಿ ಕೀಳುತ್ತಾರೆ. ನಾನು ಮಹಜರಿಗೆ ಹೋದ ಎಷ್ಟೋ ಮನೆಗಳಲ್ಲಿ ಬೀಗ ಹಾಕಿದ್ದು ಹಾಕಿದ ಹಾಗೇ ಇರುತ್ತಿತ್ತು, ಕೊಂಡಿ ಮಾತ್ರ ಸ್ಕ್ರೂ ಸಮೇತ ಕಿತ್ತು ಬಂದಿರುತ್ತಿತ್ತು. ಅದರಲ್ಲೂ ಮುಕ್ಕಾಲಿಂಚಿನ ಸ್ಕ್ರೂ. ಬಾಗಿಲಿಗೆ ಸಾವಿರಾರು ರೂಪಾಯಿ ಸುರಿದವರು ಸ್ಕ್ರೂ ಹತ್ತಿರ ಚೌಕಾಸಿ ಮಾಡಿರುತ್ತಾರೆ! ಬಾಗಿಲೊಳಗೇ ಕೂರುವ ಇಂಟರ್‌ಲಾಕ್ ಹಾಕಿಸಿ. ಹಿತ್ತಲ ಬಾಗಿಲನ್ನೂ ನೋಡಿ. ಮುಂದೆ ತೇಗ, ಹಿಂದೆ ಒಂದು ಅಗಳಿಯ ಪ್ಲೈವುಡ್, ಇದು ನಮ್ಮೂರಿನ ವಾಡಿಕೆ.

ಇನ್ನು ನಿಮ್ಮ ಬಾಗಿಲ ಮುಂದಿನ ವಿಷಯ. ನಮ್ಮ ಕಡೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡದ ಮನೆ ಯಾವುದಿದೆ? ಎರಡು ದಿನ ಅಂಗಳ ಒಣಗಿದ್ದು ಹಳೇ ರಂಗೋಲಿ ಅರ್ಧ ಅಳಿಸಿದ್ದರೆ, ಬೀದಿಯಲ್ಲಿ ಸುಮ್ನೆ ಓಡಾಡುವವನಿಗೂ ಗೊತ್ತಾಗುತ್ತೆ. ಕೆಲಸದವಳಿಗೋ ಪಕ್ಕದ ಮನೆಯ ಹುಡುಗಿಗೋ ಹೇಳಿ ದಿನಾ ಒಂದು ಚೊಂಬು ನೀರು, ನಾಲ್ಕು ಎಳೆ ರಂಗೋಲಿ ಹಾಕಿಸಿ. ಪೇಪರು, ಹಾಲು ನಿಲ್ಲಿಸಿ. ವರಾಂಡದ ಲೈಟು ಹಗಲೆಲ್ಲ ಉರಿಯುವುದು ಬೇಡ, ಅದೂ ಒಂದು ಸುಳಿವೇ. ಮದುವೆ ಫೋಟೊಗಳನ್ನು ವಾಪಸ್ ಬಂದ ಮೇಲೆ ಸ್ಟೇಟಸ್ಸಿಗೆ ಹಾಕಿ.

ಠಾಣೆಗೆ ಹೋಗಿ, ಇಂಥ ದಿನದಿಂದ ಇಂಥ ದಿನದ ತನಕ ಮನೆ ಬೀಗ ಅಂತ ಹೇಳಿ. ರಾತ್ರಿ ಬೀಟಿನವರು ಆ ಕಡೆ ಒಂದು ಕಣ್ಣಿಡುತ್ತಾರೆ. ಒಡವೆ ಬ್ಯಾಂಕ್ ಲಾಕರಿನಲ್ಲಿರಲಿ. ಬೀರುವಿಗೆ ಬೀಗ ಹಾಕಿ ಅದರ ಕೈಯನ್ನು ಬೀರುವಿನ ನೆತ್ತಿ ಮೇಲೋ ಹಾಸಿಗೆ ಕೆಳಗೋ ಇಡುವವರಿಗೆ ನಾನೇನು ಹೇಳಲಿ?

ಪ್ರಶ್ನೆ: ಅಶೋಕ ರಸ್ತೆಯಲ್ಲಿ ಹೋಗುವಾಗ ಸಫಾರಿ ತೊಟ್ಟ ಇಬ್ಬರು ‘ನಾವು ಪೊಲೀಸರು’ ಅಂತ ನಿಲ್ಲಿಸಿ ಉಂಗುರ ಬಿಚ್ಚಲು ಹೇಳಿದರು. ಅಷ್ಟರಲ್ಲಿ ಪರಿಚಯದವರು ಬಂದಿದ್ದಕ್ಕೆ ಬೈಕ್ ಹತ್ತಿ ಹೊರಟರು. ನಿಜವಾದ ಪೊಲೀಸರೇ ಆಗಿದ್ದರೆ ನಾನು ಬಿಚ್ಚದೆ ಇದ್ದಿದ್ದು ತಪ್ಪಾಗುತ್ತಿತ್ತಾ?
— ನಿವೃತ್ತ ಶಿಕ್ಷಕರು, ಕೆ.ಟಿ.ಜೆ. ನಗರ, ದಾವಣಗೆರೆ

ಉತ್ತರ: ಮೇಷ್ಟ್ರೇ, ಯಾವ ಪೊಲೀಸರೂ ರಸ್ತೆಯಲ್ಲಿ ಒಡವೆ ಬಿಚ್ಚಿಸಿ ಕಟ್ಟಿಕೊಡುವುದಿಲ್ಲ. ಅದು ನಮ್ಮ ಕೆಲಸವೇ ಅಲ್ಲ.

ಈ ಆಟ ಹೇಗೆ ನಡೆಯುತ್ತೆ ಕೇಳಿ. ಇಬ್ಬರಲ್ಲ, ಮೂವರು ಇರುತ್ತಾರೆ. ಒಬ್ಬ ಗತ್ತಿನಿಂದ ಕಾರ್ಡು ತೋರಿಸಿ ‘ಹಿಂದಿನ ಬೀದೀಲಿ ಸರ ಕಿತ್ಕೊಂಡು ಹೋಗಿದ್ದಾರೆ, ನೀವು ಹೀಗೆ ಬಂಗಾರ ಹಾಕ್ಕೊಂಡು ಓಡಾಡ್ತೀರಲ್ಲ’ ಅಂತ ಗದರುತ್ತಾನೆ. ಅದೇ ಹೊತ್ತಿಗೆ ದಾರಿಹೋಕನ ಹಾಗೆ ಇನ್ನೊಬ್ಬ ಬರುತ್ತಾನೆ. ಅವನಿಗೂ ಬೈಗುಳ. ಅವನು ಕೈಮುಗಿದು ತನ್ನ ಸರ ಬಿಚ್ಚಿ ಪೇಪರಿನಲ್ಲಿ ಕಟ್ಟಿಸಿಕೊಂಡು ಹೋಗುತ್ತಾನೆ. ನಿಮಗೆ ನಂಬಿಕೆ ಬರುವುದೇ ಆ ಮೂರನೆಯವನಿಂದ. ಆಮೇಲೆ ನಿಮ್ಮ ಉಂಗುರವನ್ನು ನಿಮ್ಮ ಕಣ್ಣೆದುರಿಗೇ ಮಡಚಿ, ಪೊಟ್ಟಣದ ತುದಿ ತಿರುಚಿ, ತಾವೇ ನಿಮ್ಮ ಚೀಲಕ್ಕೆ ಹಾಕುತ್ತಾರೆ. ಪೊಟ್ಟಣ ಬದಲಾಗುವುದು ಆ ತಿರುಚುವ ಹೊತ್ತಿನಲ್ಲಿ. ಮನೆಗೆ ಬಂದು ಬಿಚ್ಚಿದರೆ ಜಲ್ಲಿಕಲ್ಲು.

ಇನ್ನೊಮ್ಮೆ ಯಾರಾದರೂ ನಿಲ್ಲಿಸಿದರೆ ‘ಆಗಲಿ, ಠಾಣೆಗೇ ಹೋಗೋಣ’ ಅನ್ನಿ. ಹತ್ತಿರದ ಅಂಗಡಿಗೆ ನುಗ್ಗಿ ಕೂತು 112ಕ್ಕೆ ಫೋನ್ ಮಾಡಿ. ಮನೆ ಬಾಗಿಲಿಗೆ ‘ಬಂಗಾರ ಪಾಲಿಶ್’ ಅಂತ ಬರುವವರದ್ದೂ ಇದೇ ಜಾತಿ. ಬಳೆಯನ್ನು ಆಸಿಡ್‌ನಲ್ಲಿ ಅದ್ದುತ್ತಾರೆ, ಫಳಫಳ ಹೊಳೆಯುತ್ತೆ, ಕರಗಿದ ಬಂಗಾರ ಅವರ ನೀರಿನಲ್ಲೇ ಉಳಿಯುತ್ತೆ. ತೂಕ ಹಾಕಿಸಿದಾಗಲೇ ಗೊತ್ತಾಗೋದು.

ಫೋನಿನಲ್ಲಿ ಬರುವ ಪೊಲೀಸರಂತೂ ಈಗ ಜಾಸ್ತಿಯಾಗಿದ್ದಾರೆ. ವಿಡಿಯೊ ಕಾಲ್ ಮಾಡಿ ‘ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕದಲಬೇಡಿ’ ಅನ್ನುತ್ತಾರೆ. ನಮ್ಮ ಯಾವ ಕಾನೂನಿನಲ್ಲೂ ಅಂಥ ಅರೆಸ್ಟ್ ಇಲ್ಲ. ಕಟ್ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ಮಗ ಬರಲಿ, ಮಗಳು ಬರಲಿ ಅಂತ ಕಾಯದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗಳಿಗೆ ಹೋಗುವ ಮೊದಲು ತಡೆಯುವ ಅವಕಾಶ ಇರುತ್ತೆ.

ಪ್ರಶ್ನೆ: ಕಣದಲ್ಲಿ ಒಣಗಲು ಹರವಿದ ಅಡಿಕೆ ಕಳುವಾಗಿದೆ. ಅತ್ತ ಮೆಕ್ಕೆಜೋಳದ ಹೊಲಕ್ಕೆ ಹಂದಿ ಕಾಟ. ಎರಡಕ್ಕೂ ಸುತ್ತ ತಂತಿ ಎಳೆದು ರಾತ್ರಿ ಮಾತ್ರ ಕರೆಂಟ್ ಕೊಡಬೇಕು ಅಂತಿದ್ದೇನೆ. ಬೋರ್ಡ್ ಹಾಕಿಬಿಟ್ಟರೆ ಕಾನೂನಿನ ತೊಂದರೆ ಇರಲ್ಲ ಅಲ್ವಾ?
— ರೈತ, ಚನ್ನಗಿರಿ ತಾಲ್ಲೂಕು

ಉತ್ತರ: ಇರುತ್ತೆ. ಯಜಮಾನ್ರೇ, ದಯವಿಟ್ಟು ಆ ಯೋಚನೆಯನ್ನೇ ಬಿಟ್ಟುಬಿಡಿ.

ತಂತಿಗೆ ನೇರ ಕರೆಂಟ್ ಬಿಟ್ಟು ಯಾರಾದರೂ ಸತ್ತರೆ ‘ಕಳ್ಳನಿಗಾಗಿ ಹಾಕಿದ್ದೆ’ ಅನ್ನುವ ಮಾತು ನಿಲ್ಲುವುದಿಲ್ಲ. ಕೊಲೆಯಲ್ಲದ ನರಹತ್ಯೆಯ ಕೇಸು ನಿಮ್ಮ ಮೇಲೆ ಬೀಳಬಹುದು, ಬೋರ್ಡ್ ಇದ್ದರೂ. ಕಂಬದಿಂದ ಕೊಕ್ಕೆ ಹಾಕಿ ಎಳೆದಿದ್ದರೆ ವಿದ್ಯುತ್ ಕಳವು ಬೇರೆ. 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ, ಮೂರು ವರ್ಷದ ತನಕ ಜೈಲು.

ಕಾನೂನು ಆಚೆಗಿರಲಿ. ಇಂಥ ತಂತಿಗೆ ಸಿಕ್ಕವರನ್ನು ನೋಡಲು ನಾನು ಹೋಗಿದ್ದೇನೆ. ಕಳ್ಳ ಅಲ್ಲ, ಹಂದಿಯೂ ಅಲ್ಲ. ಬೆಳಗಿನ ಜಾವ ನೀರು ತಿರುಗಿಸಲು ಬಂದ ಆ ಮನೆಯ ತಮ್ಮ. ಅಣ್ಣ ಸ್ವಿಚ್ ಆಫ್ ಮಾಡುವುದು ತಡವಾಗಿತ್ತು. ಬದುವಿನ ಮೇಲೆ ಚಪ್ಪಲಿ ಬಿಟ್ಟು ಒದ್ದೆ ಕಾಲಲ್ಲಿ ಇಳಿದಿದ್ದ. ಕೈಯಲ್ಲಿ ಸನಿಕೆ ಹಾಗೇ ಇತ್ತು. ಆ ಅಣ್ಣನ ಹೇಳಿಕೆ ಬರೆದುಕೊಳ್ಳುವಾಗ ಪೆನ್ನು ಮುಂದೆ ಹೋಗಲಿಲ್ಲ ನನಗೆ.

ಬೇಲಿ ಬೇಕೇ ಬೇಕು ಅಂದರೆ ಸೋಲಾರ್ ಬೇಲಿ ಹಾಕಿಸಿ. ಅದರಲ್ಲಿ ಎನರ್ಜೈಸರ್ ಅಂತ ಒಂದು ಪೆಟ್ಟಿಗೆ ಇರುತ್ತೆ. ಅದು ಕರೆಂಟನ್ನು ಸತತವಾಗಿ ಬಿಡದೆ ಕ್ಷಣಮಾತ್ರದ ಹೊಡೆತವಾಗಿ ಬಿಟ್ಟು ಬಿಟ್ಟು ಕೊಡುತ್ತೆ. ಮುಟ್ಟಿದ ಪ್ರಾಣಿ ಬೆದರಿ ಹಿಂದೆ ಸರಿಯುತ್ತೆ, ಅಂಟಿಕೊಂಡು ಸಾಯುವುದಿಲ್ಲ. ದುಡ್ಡು ಉಳಿಸಲು ಆ ಪೆಟ್ಟಿಗೆ ಬದಲು ಮನೆಯ ಲೈನನ್ನೇ ಬೇಲಿಗೆ ಕೊಡುವವರೂ ಇದ್ದಾರೆ. ಆಗ ಅದು ಸೋಲಾರ್ ಬೇಲಿ ಅಲ್ಲ, ಉರುಳು.

ಅಡಿಕೆಗೆ ಬೇಲಿಗಿಂತ ದೀಪ ಮೇಲು. ಯಾರಾದರೂ ಸುಳಿದರೆ ತಾನೇ ಹತ್ತಿಕೊಳ್ಳುವ ಸೆನ್ಸರ್ ಲೈಟ್ ಎರಡು ಹಾಕಿಸಿ. ಒಣಗಿದ್ದನ್ನು ಕಣದಲ್ಲೇ ಗುಡ್ಡೆ ಮಾಡಿ ಬಿಡದೆ ದಿನಾ ಸಂಜೆ ಒಳಗೆ ತುಂಬಿಸಿ, ಚೀಲಗಳಿಗೆ ನಿಮ್ಮದೇ ಗುರುತು ಹಾಕಿ ಫೋಟೊ ಇಟ್ಟುಕೊಳ್ಳಿ. ಕಾವಲಿಗೆ ಒಬ್ಬರೇ ಮಲಗಬೇಡಿ. ಸೀಸನ್‌ನಲ್ಲಿ ಅಕ್ಕಪಕ್ಕದ ಕಣದವರು ಸರದಿ ಹಾಕಿಕೊಂಡರೆ ಎಲ್ಲರಿಗೂ ನಿದ್ದೆ ಸಿಗುತ್ತೆ.

ಪ್ರಶ್ನೆ: ಇಪ್ಪತ್ತು ಸಾವಿರಕ್ಕೆ ಎಷ್ಟು ಸಿಸಿ ಕ್ಯಾಮೆರಾ ಹಾಕಿಸಬಹುದು? ಕಾರು ನಿಲ್ಲಿಸುವ ಜಾಗದ ಸಂಪಿನ ಮುಚ್ಚಳ ಒಡೆದು ತಗಡು ಮುಚ್ಚಿದ್ದೇವೆ, ಮೋಟರ್ ಯಾರಾದರೂ ಕದ್ದಾರು ಅಂತ ಭಯ. ಮನೆಯಲ್ಲಿ ಎರಡು ವರ್ಷದ ಮೊಮ್ಮಗ ಇದ್ದಾನೆ. ರೆಕಾರ್ಡರ್ ಅವನ ಕೈಗೆ ಸಿಗದಂತೆ ಎಲ್ಲಿಡಬೇಕು?
— ವ್ಯಾಪಾರಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಕ್ಯಾಮೆರಾ ಮುಂದಿನ ವಾರ ಹಾಕಿಸಿ. ಮುಚ್ಚಳ ಇವತ್ತೇ ಹಾಕಿಸಿ. ಈ ಪತ್ರಿಕೆ ಕೆಳಗಿಟ್ಟು ವೆಲ್ಡಿಂಗ್ ಅಂಗಡಿಯವನಿಗೆ ಫೋನ್ ಮಾಡಿ.

ಎರಡು ವರ್ಷದ ಮಗು ನೀರಿಗೆ ಬಿದ್ದರೆ ಕೂಗುವುದಿಲ್ಲ. ಅಡುಗೆಮನೆಯಲ್ಲಿ ಇದ್ದವರಿಗೆ ಒಂದು ಸದ್ದೂ ಕೇಳುವುದಿಲ್ಲ. ಅದರಲ್ಲೂ ನಲ್ಲಿ ನೀರು ಬಂದ ದಿನ ಮುಚ್ಚಳ ಸರಿಸಿ, ಪೈಪು ಬಿಟ್ಟು, ‘ತುಂಬಿತಾ?’ ಅಂತ ಆಗಾಗ ಇಣುಕಿ ಹೋಗುವುದು ನಮ್ಮೂರಿನ ಎಲ್ಲ ಮನೆಗಳ ಕಥೆ. ಮಗುವೂ ಅಜ್ಜನ ಹಾಗೆಯೇ ಇಣುಕುತ್ತೆ. ಸಂಪಿನ ಬಾಯಿಗೆ ಮೊದಲು ಕಬ್ಬಿಣದ ಜಾಲರಿ ಕೂರಿಸಿ, ಪೈಪು ತೂರುವಷ್ಟೇ ಸಂದು ಬಿಡಿ. ಅದರ ಮೇಲೆ ಬೀಗ ಹಾಕುವ ಮುಚ್ಚಳ. ಮೋಟರ್ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಎಂಸಿಬಿ ಇದ್ದರೆ ಸಾಕು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ವೈರಿಂಗ್ ಉಳಿಸುತ್ತೆ, ಶಾಕ್ ಹೊಡೆದ ಮನುಷ್ಯನನ್ನು ಉಳಿಸಲು ಆರ್‌ಸಿಸಿಬಿ ಬೇಕು.

ಕ್ಯಾಮೆರಾ ಎರಡು ಸಾಕು. ಒಂದನ್ನು ಗೇಟಿನ ಹತ್ತಿರ ಮುಖ ಕಾಣುವ ಎತ್ತರಕ್ಕೆ ಹಾಕಿಸಿ. ಎಲ್ಲರೂ ತಾರಸಿ ಅಂಚಿಗೆ ಹಾಕಿಸುತ್ತಾರೆ, ಆಮೇಲೆ ನಮಗೆ ತೋರಿಸುವುದು ಒಂದು ಟೋಪಿ, ಎರಡು ಭುಜ. ರೆಕಾರ್ಡರ್ ಅಟ್ಟದ ಮೇಲಿರಲಿ, ಪಾಸ್‌ವರ್ಡ್ ಬದಲಿಸಿ.

ಪ್ರಶ್ನೆ: ಬಾಡಿಗೆ ಮನೆ. ಕಿಟಕಿಗೆಲ್ಲ ಗಟ್ಟಿ ಗ್ರಿಲ್, ಬಾಗಿಲ ಮುಂದೆ ಎಳೆಯುವ ಕಬ್ಬಿಣದ ಗೇಟು. ರಾತ್ರಿ ಒಳಗಿನಿಂದ ಬೀಗ ಹಾಕಿ ಬೀಗದ ಕೈಯನ್ನು ದೇವರ ಕೋಣೆಯಲ್ಲಿ ಬಚ್ಚಿಡುತ್ತೇನೆ. ಇನ್ನೇನಾದರೂ ಬೇಕಾ?
— ನರ್ಸ್, ಚಿತ್ರದುರ್ಗ

ಉತ್ತರ: ಕಳ್ಳ ಒಳಗೆ ಬರಲಾರ, ಸರಿ. ಬೆಂಕಿ ಬಿದ್ದರೆ ನೀವು ಹೊರಗೆ ಹೋಗುವುದು ಹೇಗಮ್ಮ? ಹೊಗೆ ತುಂಬಿದ ಕತ್ತಲಲ್ಲಿ ದೇವರ ಕೋಣೆ ಹುಡುಕಿ, ಬೀಗದ ಕೈ ತಡಕಿ, ಗೇಟು ತೆಗೆಯುವಷ್ಟು ಹೊತ್ತು ಸಿಗುವುದಿಲ್ಲ. ಗೇಟಿನ ಪಕ್ಕದ ಗೋಡೆಗೇ ಮೊಳೆ ಹೊಡೆದು ಕೈ ನೇತುಹಾಕಿ, ಹೊರಗಿನಿಂದ ಕೈ ಹಾಕಿದರೆ ಎಟುಕದಷ್ಟು ದೂರದಲ್ಲಿ. ಮನೆಯಲ್ಲಿ ಮಗುವಿಗೂ ಆ ಮೊಳೆ ಗೊತ್ತಿರಲಿ. ಮಲಗುವ ಕೋಣೆಯ ಒಂದು ಕಿಟಕಿಗೆ ಒಳಗಿನಿಂದ ಚಿಲಕ ತೆಗೆದು ತೆರೆಯುವಂಥ ಗ್ರಿಲ್ ಮಾಡಿಸಿಕೊಡಿ ಅಂತ ಓನರಿಗೆ ಕೇಳಿ.

ರಾತ್ರಿ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ ಮಲಗಿ. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತೆ, ಅದಕ್ಕೇ ಕಿಟಕಿ ಜೊತೆ ಬಾಗಿಲನ್ನೂ ತೆರೆಯಬೇಕು. ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾವು ಓಬವ್ವನ ಊರಿನವರು. ತಲೆದಿಂಬಿನ ಪಕ್ಕ ರಾಡ್ ಇಟ್ಟುಕೊಂಡೇ ಮಲಗ್ತೀನಿ. ಮನೆಗೆ ನುಗ್ಗಿದ ಕಳ್ಳನಿಗೆ ಹೊಡೆದರೆ ಕೇಸ್ ಆಗುತ್ತಾ?
— ಯುವಕ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ತಮ್ಮಾ, ಓಬವ್ವ ಹೊಡೆದಿದ್ದು ಹೈದರಾಲಿಯ ಸೈನಿಕರನ್ನು. ನಿಮ್ಮ ಮನೆಗೆ ಬರುವವನು ನಡುಗುತ್ತಿರುವ ಹದಿನೇಳರ ಹುಡುಗನೂ ಆಗಿರಬಹುದು, ರಾತ್ರಿ ನೀರು ಕುಡಿಯಲು ಎದ್ದ ನಿಮ್ಮಪ್ಪನೂ ಆಗಿರಬಹುದು. ಮೊದಲು ಲೈಟ್ ಹಾಕು.

ಆತ್ಮರಕ್ಷಣೆಯ ಹಕ್ಕು ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ತನಕದ ಕಲಂಗಳು ಅದಕ್ಕೇ ಇವೆ. ಜೀವಕ್ಕೆ, ಸ್ವತ್ತಿಗೆ ಎರಡಕ್ಕೂ ಅನ್ವಯಿಸುತ್ತೆ. ಆದರೆ ರಕ್ಷಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ. ಅವನನ್ನು ಹಿಡಿದು ಕಂಬಕ್ಕೆ ಕಟ್ಟಿದ ಮೇಲೆ ಬೀಳುವ ಒಂದೊಂದು ಏಟೂ ನಿನ್ನ ಕೇಸೇ. ಬೀದಿಯವರೆಲ್ಲ ಸೇರಿ ಹೊಡೆದರೆ ಬೀದಿಯವರೆಲ್ಲರ ಕೇಸು. ಕೂಗು, ಲೈಟ್ ಹಾಕು, ಕೋಣೆ ಬಾಗಿಲು ಭದ್ರ ಮಾಡಿ 112ಕ್ಕೆ ಫೋನ್ ಮಾಡು. ಅವನಿಗೆ ಓಡಲು ದಾರಿ ಬಿಡು. ದಾರಿ ಸಿಗದ ಕಳ್ಳನೇ ಚಾಕು ತೆಗೆಯೋದು.

ಪ್ರಶ್ನೆ: ಬಸ್ಸಿನಲ್ಲಿ ಸರ ಹೋಯಿತು. ದೂರು ಕೊಡಲು ಹೋದರೆ ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಅಂತ ಒಂದು ಠಾಣೆಯಿಂದ ಇನ್ನೊಂದಕ್ಕೆ ಕಳಿಸಿದರು.
— ಓದುಗರು, ಹಿರಿಯೂರು

ಉತ್ತರ: ಕಳಿಸುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಇಂಥ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು. ‘ಜೀರೋ ಎಫ್‌ಐಆರ್ ಮಾಡಿ’ ಅಂತಲೇ ಕೇಳಿ. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕೊಡದಿದ್ದರೆ ದೂರನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಸರದ ರಸೀದಿ ಇಲ್ಲದಿದ್ದರೆ ಅದನ್ನು ಹಾಕಿಕೊಂಡು ತೆಗೆಸಿದ ಮದುವೆ ಫೋಟೊ ಲಗತ್ತಿಸಿ.

ಪ್ರಶ್ನೆ: ಕಾವಲಿಗೆ ಮುಧೋಳ ನಾಯಿ ತರಲಾ, ಬೇರೆ ಯಾವುದಾದರೂ ತರಲಾ?
— ಓದುಗರು, ಜಗಳೂರು

ಉತ್ತರ: ಬೊಗಳಲು ಬೀದಿ ನಾಯಿ ಮರಿಯೇ ಸಾಕು. ಮುಧೋಳ ಓಡುವ ನಾಯಿ, ಅದಕ್ಕೆ ಹೊಲ ಬೇಕು, ಸಿಮೆಂಟ್ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದರೆ ಕೊರಗುತ್ತೆ. ಯಾವುದೇ ತನ್ನಿ, ಪಶು ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಹಾಕಿಸಿ, ವರ್ಷ ವರ್ಷ ತಪ್ಪಿಸಬೇಡಿ. ಗೇಟಿಗೆ ‘ನಾಯಿ ಇದೆ’ ಅಂತ ಬೋರ್ಡ್ ಹಾಕಿ. ಕಳ್ಳರಿಗಲ್ಲ, ಪೋಸ್ಟ್‌ಮ್ಯಾನ್‌ಗೆ.