ಎಂಜಿನ್ ಬದಲಿಸುವ ಮುನ್ನ ಬೋಟಿನ ತಳ ನೋಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ: ದೋಣಿ, ಹಡಗು ಮತ್ತು ಸಿಗಡಿ ಹೊಂಡಗಳಲ್ಲಿ ಇಂಧನ ಉಳಿತಾಯ

ಪ್ರಶ್ನೆ: ನಮ್ಮದು ಮರದ ಟ್ರಾಲ್‌ಬೋಟು. ಎರಡು ವರ್ಷದ ಹಿಂದೆ 9 ನಾಟ್ (ಗಂಟೆಗೆ 9 ನಾಟಿಕಲ್ ಮೈಲು) ಓಡುತ್ತಿದ್ದದ್ದು ಈಗ ಅದೇ ಆರ್‌ಪಿಎಂನಲ್ಲಿ 8 ದಾಟುವುದಿಲ್ಲ. ಡೀಸೆಲ್ ಖರ್ಚು ಏರಿದೆ, ಕಪ್ಪು ಹೊಗೆ ಬರುತ್ತದೆ. ಹೆಚ್ಚು ಎಚ್‌ಪಿಯ ಎಂಜಿನ್ ಕೂರಿಸಿ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಸರಿಯೇ?
— ಬೋಟ್ ಮಾಲೀಕರು, ಮಲ್ಪೆ

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳುವ ಮೂರೂ ಲಕ್ಷಣಗಳು ಎಂಜಿನ್ ಸೋತಿದೆ ಎನ್ನುವುದಕ್ಕಿಂತ ಎಂಜಿನ್ ಮೇಲೆ ಹೊರೆ ಹೆಚ್ಚಾಗಿದೆ ಎಂದೇ ತೋರಿಸುತ್ತವೆ. ಹೊರೆ ಕಡಿಮೆ ಮಾಡದೆ ದೊಡ್ಡ ಎಂಜಿನ್ ಕೂರಿಸಿದರೆ ಕಳೆದುಹೋದ ಆ ಒಂದು ನಾಟನ್ನು ಪ್ರತಿ ಗಂಟೆಯೂ ಡೀಸೆಲ್ ಸುರಿದು ಕೊಂಡುಕೊಳ್ಳಬೇಕಾಗುತ್ತದೆ.

ಮೊದಲು ಅಳತೆ. ಡೇ ಟ್ಯಾಂಕಿಗೆ (ಎಂಜಿನ್ನಿಗೆ ನೇರ ಡೀಸೆಲ್ ಕೊಡುವ ಸಣ್ಣ ಟ್ಯಾಂಕು) ಪಾರದರ್ಶಕ ಕೊಳವೆ ಹಾಕಿಸಿ, 5 ಲೀಟರಿಗೊಂದು ಗೆರೆ ಎಳೆಯಿರಿ. ಇಂಜೆಕ್ಟರ್ ಮತ್ತು ಪಂಪಿನಿಂದ ಮರಳುವ ರಿಟರ್ನ್ ಪೈಪ್ ಇದೇ ಟ್ಯಾಂಕಿಗೆ ಬರಬೇಕು. ಅದು ದೊಡ್ಡ ಟ್ಯಾಂಕಿಗೆ ಹೋಗುತ್ತಿದ್ದರೆ, ಸುಡದೆ ವಾಪಸಾದ ಡೀಸೆಲ್ ಕೂಡ ಖರ್ಚಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ಒಂದೇ ಆರ್‌ಪಿಎಂನಲ್ಲಿ ಉತ್ತರಕ್ಕೆ ಅರ್ಧ ಗಂಟೆ, ದಕ್ಷಿಣಕ್ಕೆ ಅರ್ಧ ಗಂಟೆ ಓಡಿಸಿ ಜಿಪಿಎಸ್ ವೇಗದ ಸರಾಸರಿ ತೆಗೆಯಿರಿ. ಒಂದೇ ದಿಕ್ಕಿನ ಓದು ನೀರಿನ ಸೆಳೆತ ಸೇರಿ ಸುಳ್ಳು ಹೇಳುತ್ತದೆ.

ಆಮೇಲೆ ಪೂರ್ತಿ ಥ್ರಾಟಲ್ ಕೊಟ್ಟು ನೋಡಿ. ಎಂಜಿನ್ ತನ್ನ ಫಲಕದಲ್ಲಿ ಬರೆದ ಆರ್‌ಪಿಎಂ ಮುಟ್ಟದೆ ಕಪ್ಪು ಹೊಗೆ ಉಗುಳಿದರೆ ಕಾರಣ ಮೂರರಲ್ಲೊಂದು: ತಳಕ್ಕೆ ಪಾಚಿ, ಚಿಪ್ಪು ಕಟ್ಟಿದೆ, ಪ್ರೊಪೆಲ್ಲರಿನ ಪಿಚ್ (ಎಲೆಯ ಓರೆ) ಹೆಚ್ಚಾಗಿದೆ ಅಥವಾ ಎಲೆ ಬಾಗಿದೆ, ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ. ಕೊನೆಯದು ಅಗ್ಗದ್ದು, ಅದನ್ನೇ ಮೊದಲು ನೋಡಿ. ಏರ್ ಫಿಲ್ಟರ್ ತೆಗೆದು ಶುಚಿಮಾಡಿ. ಎಂಜಿನ್ ರೂಮಿನ ಬಾಗಿಲು ತೆರೆದಾಗ ಹೊಗೆ ಕಡಿಮೆಯಾದರೆ ಗಾಳಿಕಿಂಡಿ ಸಾಲದು ಎಂದರ್ಥ. ನೀಲಿ ಹೊಗೆ ಬಂದರೆ ಲೂಬ್ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ ಪರೀಕ್ಷಿಸಿ.

ಪ್ರೊಪೆಲ್ಲರ್ ಕಳಚಿದಾಗ ಎಲೆಗಳ ಪಿಚ್ ಪರಸ್ಪರ ಹೊಂದುತ್ತದೆಯೇ ಎಂದು ವರ್ಕ್‌ಶಾಪಿನಲ್ಲಿ ಅಳೆಸಿ. ಅಂಚಿನ ಮುಕ್ಕು ಸರಿಪಡಿಸಿ ನುಣುಪು ಮಾಡಿಸಿ. ಮರದ ಬೋಟುಗಳಲ್ಲಿ ಇನ್ನೊಂದು ದೋಷ ಬಹಳ ಸಾಮಾನ್ಯ. ಪ್ರೊಪೆಲ್ಲರ್ ಮುಂದಿನ ದಪ್ಪ ಮರದ ಕಂಬವನ್ನು ಚೌಕಾಕಾರದಲ್ಲೇ ಬಿಟ್ಟಿರುತ್ತಾರೆ. ಅದರ ಹಿಂದೆ ನೀರು ಸುಳಿಯಾಗಿ ಪ್ರೊಪೆಲ್ಲರ್ ನಡುಗುತ್ತದೆ, ತಳ್ಳುವ ಬಲವೂ ಕುಂದುತ್ತದೆ. ಆ ಅಂಚನ್ನು ಕೆತ್ತಿ ಹಿಂದಕ್ಕೆ ತೆಳುವಾಗಿಸಿದರೆ ನೀರು ಸಲೀಸಾಗಿ ಬರುತ್ತದೆ. ಮಳೆಗಾಲದ ಮೀನುಗಾರಿಕೆ ನಿಷೇಧದ ರಜೆಯಲ್ಲಿ ಒಬ್ಬ ಬಡಗಿ ಮಾಡಿ ಮುಗಿಸುವ ಕೆಲಸ ಇದು.

ಇಷ್ಟು ಮಾಡಿದ ಮೇಲೂ ತಾಂಡೇಲರು (ಬೋಟು ನಡೆಸುವವರು) 9 ನಾಟ್‌ನಲ್ಲೇ ಓಡಿಸಬೇಕೇ ಎಂದು ಯೋಚಿಸಿ. ಇಂಥ ಬೋಟಿಗೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಗರಿಷ್ಠ ವೇಗದ ಹತ್ತಿರ ಇನ್ನೂ ಕಡಿದಾಗಿ. 9 ನಾಟ್‌ನಲ್ಲಿ ಗಂಟೆಗೆ 40 ಲೀಟರ್ ಸುಟ್ಟರೆ 8 ನಾಟ್‌ನಲ್ಲಿ ಸುಮಾರು 28 ಲೀಟರ್ ಸಾಕು. 40 ನಾಟಿಕಲ್ ಮೈಲು ದೂರಕ್ಕೆ 178 ಲೀಟರ್ ಬೇಕಾಗಿದ್ದಲ್ಲಿ 140 ಲೀಟರ್. ತಲುಪುವುದು 33 ನಿಮಿಷ ತಡ. ಒಂದು ಲೀಟರ್ ಡೀಸೆಲ್ ಸುಟ್ಟರೆ 2.68 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಆ ಒಂದೇ ಓಟದಲ್ಲಿ ನೂರು ಕೆಜಿ ತಪ್ಪಿತು. ನೀರಿನ ಮಟ್ಟದಲ್ಲಿ 49 ಅಡಿ ಉದ್ದವಿರುವ ಬೋಟಿನ ಸ್ವಾಭಾವಿಕ ಮಿತಿಯೇ ಸುಮಾರು 9.4 ನಾಟ್ (ಅಡಿಗಳಲ್ಲಿನ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿ). ಮಿತವ್ಯಯದ ಓಟ 7ರಿಂದ 7.5. ಮೀನು ಹರಾಜಿನ ಹೊತ್ತಿಗೆ ದಕ್ಕೆ (ಬಂದರುಕಟ್ಟೆ) ಸೇರಬೇಕಾದ ದಿನ ಅವಸರ ಅರ್ಥವಾಗುತ್ತದೆ. ಖಾಲಿ ಬೋಟು ಹೊರಡುವಾಗ ಮಾತ್ರ ಅದಕ್ಕೆ ಕಾರಣವೇ ಇಲ್ಲ.

ಪ್ರಶ್ನೆ: ಎಳೆಯುವಾಗಲೇ ನಮಗೆ ಹೆಚ್ಚು ಡೀಸೆಲ್ ಹೋಗುತ್ತದೆ. ಬಲೆಯಲ್ಲಿ ಏನು ಬದಲಿಸಬಹುದು? ಬುಲ್ ಟ್ರಾಲಿಂಗ್ ಆದೀತೇ?
— ಗಂಗೊಳ್ಳಿ

ಉತ್ತರ: ಟ್ರಾಲ್ ಎಳೆತದ ಭಾರದಲ್ಲಿ ದೊಡ್ಡ ಪಾಲು ಬಲೆಯ ನೂಲಿನದ್ದು, ನಂತರದ್ದು ಬಲೆಯ ಬಾಯಿ ಅಗಲಿಸುವ ಬೋರ್ಡುಗಳದ್ದು. ಬಲೆಯ ಬಾಯಿ ಮತ್ತು ರೆಕ್ಕೆಗಳ ಭಾಗದಲ್ಲಿ ಕಣ್ಣು ದೊಡ್ಡದು, ನೂಲು ತೆಳ್ಳಗಿನದು ಹಾಕಿಸಿ. ಮೀನನ್ನು ಬಾಯಿಯ ಕಡೆಗೆ ಓಡಿಸಲು ಅಷ್ಟು ಸಾಕು. ಚೀಲದ ಭಾಗಕ್ಕೆ ಚೌಕ ಕಣ್ಣಿನ ಬಲೆ ಹಾಕಿ. ವಜ್ರಾಕಾರದ ಕಣ್ಣು ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇರುತ್ತದೆ. ಮದಿಮಾಲು ಮೀನು, ಬೊಂಡಾಸಗಳ (ಸ್ಕ್ವಿಡ್) ಮರಿ ಹೊರಗೆ ಹೋಗುತ್ತದೆ, ನೀರೂ ಹೋಗುತ್ತದೆ. ಮರಿಯನ್ನು ಕಿಲೋಗಟ್ಟಲೆ ಮೇಲೆತ್ತಿ ಮೀನುಪುಡಿ ಕಾರ್ಖಾನೆಗೆ ಕೊಡಲು ಡೀಸೆಲ್ ಸುಡುವುದು ಎರಡು ನಷ್ಟ ಒಟ್ಟಿಗೆ ಮಾಡಿಕೊಂಡಂತೆ.

ಬೋರ್ಡಿನ ಅಡಿಯ ಕಬ್ಬಿಣದ ಪಟ್ಟಿ ಎಲ್ಲಿ ಸವೆದಿದೆ ಎಂದು ಪ್ರತಿ ಟ್ರಿಪ್ಪಿನ ಕೊನೆಗೆ ನೋಡಿ. ಇಡೀ ಉದ್ದಕ್ಕೆ ಸಮನಾಗಿ ಹೊಳೆಯಬೇಕು. ಮುಂದಿನ ತುದಿ ಮಾತ್ರ ಸವೆದರೆ ಬೋರ್ಡು ಮುಗ್ಗರಿಸುತ್ತಿದೆ, ಹಿಂದಿನದು ಸವೆದರೆ ಮೂತಿ ಎತ್ತಿ ಓಡುತ್ತಿದೆ. ಹಿಂದಿನ ಸರಪಳಿಗಳ ಉದ್ದ ಒಂದೊಂದೇ ಕೊಂಡಿ ಬದಲಿಸಿ ಸರಿಪಡಿಸಬೇಕು. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಚಪ್ಪಟೆ ಮರದ ಬೋರ್ಡು ನೀರಿಗೆ 35ರಿಂದ 40 ಡಿಗ್ರಿ ಅಡ್ಡ ನಿಂತರೆ ಸಾಕು. ಅದಕ್ಕಿಂತ ಹೆಚ್ಚು ಅಡ್ಡ ನಿಂತರೆ ಬಲೆ ಇನ್ನೂ ಅಗಲವಾಗುವುದಿಲ್ಲ, ಭಾರ ಮಾತ್ರ ಏರುತ್ತದೆ.

ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲಿಂಗ್ ಬಗ್ಗೆಯೂ ಕೇಳಿದ್ದೀರಿ. ದೇಶದ ವಿಶೇಷ ಆರ್ಥಿಕ ವಲಯದಲ್ಲಿ ಅದನ್ನೂ ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನೂ ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಡೀಸೆಲ್ ಉಳಿಸುವ ದಾರಿ ಅದಲ್ಲ.

ಪ್ರಶ್ನೆ: ಫೈಬರ್ ಬೋಟಿನ ತಳಕ್ಕೆ ಆಂಟಿಫೌಲಿಂಗ್ ಬಣ್ಣ ಹಚ್ಚಿದರೂ ಡಿಸೆಂಬರ್ ಹೊತ್ತಿಗೆ ಚಿಪ್ಪು ಹಿಡಿಯುತ್ತದೆ. ಎಲ್ಲಿ ತಪ್ಪುತ್ತಿದೆ?
— ಕಾರವಾರ

ಉತ್ತರ: ಹೆಚ್ಚಿನವರು ತಪ್ಪುವುದು ಹಚ್ಚುವುದಕ್ಕಿಂತ ಮೊದಲೇ. ಬೋಟನ್ನು ಮೇಲೆಳೆದ ದಿನವೇ, ತಳ ಒದ್ದೆಯಿರುವಾಗಲೇ ಸಿಹಿನೀರಿನ ಒತ್ತಡದಲ್ಲಿ ತೊಳೆಯಬೇಕು. ಚಿಪ್ಪು ಒಣಗಿದರೆ ಕಲ್ಲಿನಂತಾಗಿ, ಕೆರೆಯುವಾಗ ಫೈಬರಿನ ಮೇಲ್ಪದರವೇ ಏಳುತ್ತದೆ. ಒಣಗಿದ ಮೇಲೆ 80ರಿಂದ 120 ನಂಬರಿನ ಕಾಗದದಲ್ಲಿ, ನೀರು ಹಾಕುತ್ತ ಉಜ್ಜಿ. ಬಳಿಕ ಪ್ರೈಮರ್, ನಂತರ ಎರಡು ಕೋಟ್ ಬಣ್ಣ. ನೀರಿನ ಗೆರೆ, ಮೂತಿಯ ಅಂಚು, ಚುಕ್ಕಾಣಿಗೆ ಮೂರನೆಯ ಕೋಟ್, ಯಾಕೆಂದರೆ ಅಲ್ಲಿ ಬಣ್ಣ ಬೇಗ ಸವೆಯುತ್ತದೆ. ಜುಲೈ ತೇವದಲ್ಲಿ, ಮಳೆ ಬಿಟ್ಟ ಒಂದು ಗಂಟೆಯಲ್ಲಿ ಅವಸರದಿಂದ ಹಚ್ಚಿದ ಬಣ್ಣ ಗುಳ್ಳೆಯೆದ್ದು ಕಳಚುತ್ತದೆ. ತಾಡಪಾಲಿನ ಅಡಿಯಲ್ಲಿ, ತಳ ಮುಟ್ಟಿದರೆ ಒಣಗಿದಂತಿರುವಾಗ ಹಚ್ಚಿ. ಡಬ್ಬಿಯ ತಳದಲ್ಲಿ ತಾಮ್ರದ ಪುಡಿ ಕೂತಿರುತ್ತದೆ. ಚೆನ್ನಾಗಿ ಕಲಕದಿದ್ದರೆ ಮೊದಲರ್ಧ ಬೋಟಿಗೆ ಬರೀ ಬಣ್ಣ ಸಿಗುತ್ತದೆ. ಸತುವಿನ ಆನೋಡುಗಳಿಗೆ (ಲೋಹ ಸವೆಯದಂತೆ ತಳಕ್ಕೆ ಬಿಗಿದ ತುಂಡುಗಳು) ಬಣ್ಣ ತಾಗಬಾರದು. ಅಲ್ಯೂಮಿನಿಯಂ ತಳವಿದ್ದರೆ ತಾಮ್ರದ ಬಣ್ಣ ಬೇಡವೇ ಬೇಡ, ಲೋಹವನ್ನೇ ತಿನ್ನುತ್ತದೆ.

ಕೆರೆದ ಪುಡಿ ವಿಷ. ಕೆಳಗೆ ತಾಡಪಾಲು ಹಾಸಿ ಸಂಗ್ರಹಿಸಿ. ಕಾಳಿ ನದಿಗೆ ಗುಡಿಸಬೇಡಿ. ಹಿಂದೆ ಬಳಸುತ್ತಿದ್ದ ಟಿಬಿಟಿ ಎಂಬ ತವರದ ಬಣ್ಣ ಶಂಖದ ಹುಳುಗಳ ಸಂತಾನವನ್ನೇ ಕೆಡಿಸಿದ್ದರಿಂದ ಅದರ ಮೇಲಿನ ಅಂತರರಾಷ್ಟ್ರೀಯ ನಿಷೇಧ 2008ರ ಸೆಪ್ಟೆಂಬರ್ 17ರಂದು ಜಾರಿಗೆ ಬಂತು. ಮಾಸ್ಕ್ ಇಲ್ಲದೆ ಉಜ್ಜಲು ಯಾರನ್ನೂ ನಿಲ್ಲಿಸಬೇಡಿ.

ಬರೀ ಲೋಳೆ ತಾನೆ ಎಂದು ಬಿಡುವವರಿಗೆ ಒಂದು ಅಂಕಿ: ಹಡಗಿನ ತಳದ ಅರ್ಧಭಾಗಕ್ಕೆ ಅರ್ಧ ಮಿಲಿಮೀಟರ್ ಲೋಳೆ ಕಟ್ಟಿದರೂ ಇಂಗಾಲದ ಹೊರಸೂಸುವಿಕೆ ಶೇ. 25ರಿಂದ 30ರಷ್ಟು ಏರಬಹುದೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಗ್ಲೋಫೌಲಿಂಗ್ ಯೋಜನೆ ಲೆಕ್ಕಹಾಕಿದೆ.

ಪ್ರಶ್ನೆ: ಎಷ್ಟು ಮಂಜುಗಡ್ಡೆ ಒಯ್ದರೂ ಕೊನೆಯ ದಿನಕ್ಕೆ ಸಾಲುವುದಿಲ್ಲ.
— ಮಂಗಳೂರು ದಕ್ಕೆ

ಉತ್ತರ: 100 ಕೆಜಿ ಮೀನನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 33 ಕೆಜಿ ಮಂಜುಗಡ್ಡೆ ಸಾಕು. ನೀವು ಅದಕ್ಕಿಂತ ಎಷ್ಟು ಹೆಚ್ಚು ಬಳಸುತ್ತೀರೋ ಅಷ್ಟೂ ಹೋಲ್ಡಿನ (ಮೀನು ತುಂಬುವ ಕೋಣೆ) ಗೋಡೆಯ ಮೂಲಕ ಒಳಬರುವ ಶಾಖ ತಿನ್ನುವ ಪಾಲು. ಎಂಜಿನ್ ರೂಮಿಗೆ ತಾಗಿದ ಗೋಡೆಯನ್ನು ಮೊದಲು ನೋಡಿ. ಉಳಿದೆಡೆ 100 ಮಿ.ಮೀ. ಪಫ್ (ಶಾಖ ತಡೆಯುವ ಫೋಮ್) ಇದ್ದರೆ ಅಲ್ಲಿ 150 ಇರಲಿ. ಒಳಗಿನ ಫೈಬರ್ ಹೊದಿಕೆ ಬಿರಿದು ಥರ್ಮೋಕೋಲ್ ನೀರು ಕುಡಿದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಬೆರಳಿನಿಂದ ತಟ್ಟಿ, ಸದ್ದು ಮಂಕಾದಲ್ಲಿ ಬಿಚ್ಚಿ ನೋಡಿ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಹಾಕಿ. ಒಂದು ಟನ್ ಮಂಜುಗಡ್ಡೆ ಮಾಡಲು ಐಸ್ ಪ್ಲಾಂಟಿನಲ್ಲಿ ಸುಮಾರು 60 ಯೂನಿಟ್ ವಿದ್ಯುತ್ ಹೋಗುತ್ತದೆ, ಮೇಲೆ ಆ ಭಾರವನ್ನು ಹೊರಲು ನಿಮ್ಮದೇ ಡೀಸೆಲ್.

ಪ್ರಶ್ನೆ: ಒಂದು ಹೆಕ್ಟೇರ್ ಹೊಂಡ, ವನ್ನಾಮಿ ಸಿಗಡಿ, ಚದರ ಮೀಟರಿಗೆ 40 ಮರಿ. ಏರೇಟರುಗಳ (ನೀರಿಗೆ ಗಾಳಿ ಬೆರೆಸುವ ಯಂತ್ರ) ಕರೆಂಟ್ ಬಿಲ್ ತಡೆಯಲಾಗುತ್ತಿಲ್ಲ. ಕೆಲವನ್ನು ಆರಿಸಬಹುದೇ?
— ಕುಮಟಾ

ಉತ್ತರ: ಆರಿಸಬಹುದು, ಆದರೆ ಅಂದಾಜಿನಿಂದಲ್ಲ, ಸಿಗಡಿಯ ತೂಕದ ಲೆಕ್ಕದಿಂದ. ಸುಮಾರು 500 ಕೆಜಿ ಸಿಗಡಿಗೆ 1 ಎಚ್‌ಪಿ ಎಂಬುದು ರೂಢಿಯ ಅಳತೆ. ನಿಮ್ಮ ಹೊಂಡಕ್ಕೆ 4 ಲಕ್ಷ ಮರಿ. ಒಂದು ತಿಂಗಳಿಗೆ 3.6 ಲಕ್ಷ ಉಳಿದು ತಲಾ 2 ಗ್ರಾಂ ಇದ್ದರೆ 720 ಕೆಜಿ. 2 ಎಚ್‌ಪಿ ಸಾಕು. ಕೊನೆಯಲ್ಲಿ 3.2 ಲಕ್ಷ, ತಲಾ 20 ಗ್ರಾಂ ಆದರೆ 6,400 ಕೆಜಿ. ಆಗ 13 ಎಚ್‌ಪಿ ಬೇಕು. ಮೊದಲ ದಿನದಿಂದಲೇ ಎಲ್ಲವನ್ನೂ ತಿರುಗಿಸುವುದರಿಂದ ಬಿಲ್ಲು ಏರುವುದಷ್ಟೇ ಅಲ್ಲ, ತಳದ ಮಣ್ಣೂ ಕದಡುತ್ತದೆ.

ಆಮ್ಲಜನಕ ಅಳೆಯುವ ಮೀಟರ್ ಇಲ್ಲದೆ ಈ ಉಳಿತಾಯಕ್ಕೆ ಕೈಹಾಕಬೇಡಿ. ತಳದ ಹತ್ತಿರ, ನಸುಕಿನ 4ರಿಂದ 6ರೊಳಗೆ ಅಳೆಯಿರಿ. ದಿನದ ಅತಿ ಕಡಿಮೆ ಮಟ್ಟ ಆಗಲೇ ಇರುವುದು. ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗೆ ಹೋಗಲು ಬಿಡಬಾರದು. ಬಿಸಿಲಿರುವ ದಿನ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಪಾಚಿಯೇ ಆಮ್ಲಜನಕ ಕೊಡುತ್ತದೆ, ನೀರು ಕಲಕಲು ಒಂದೆರಡು ಯಂತ್ರ ಸಾಕು. ಮೋಡ ಕವಿದ ದಿನ, ನೀರಿನ ಬಣ್ಣ ಒಮ್ಮೆಲೇ ತಿಳಿಯಾದ ದಿನ (ಪಾಚಿ ಸತ್ತಿದೆ), ಜೋರು ಮಳೆ ಸುರಿದು ಸಿಹಿನೀರು ಉಪ್ಪುನೀರಿನ ಮೇಲೆ ಪದರವಾಗಿ ನಿಂತಾಗ ಈ ವೇಳಾಪಟ್ಟಿ ಮರೆತು ಎಲ್ಲವನ್ನೂ ಹಾಕಿ.

ಏರೇಟರಿನ ಪ್ಯಾಡಲ್ ಚಕ್ರದ ಎಲೆಗಳು ನೀರಿನಲ್ಲಿ ಸುಮಾರು 10 ಸೆಂ.ಮೀ. ಮುಳುಗಿರಲಿ. ಹೆಚ್ಚು ಮುಳುಗಿದರೆ ಮೋಟಾರ್ ಆಂಪಿಯರ್ ಎಳೆದು ಬಿಸಿಯಾಗುತ್ತದೆ. ಮಸ್ಸೆಲ್, ಚಿಪ್ಪು ಕಟ್ಟಿ ಫ್ಲೋಟ್ ತೂಕವಾದಾಗ ಹೀಗಾಗುತ್ತದೆ, ತಿಂಗಳಿಗೊಮ್ಮೆ ಕೆರೆಯಿರಿ. ಗಜನಿಯ (ಉಪ್ಪುನೀರಿನ ತಗ್ಗು ಗದ್ದೆ) ಬದುವಿನುದ್ದಕ್ಕೂ ಸಣ್ಣ ವೈರು ಎಳೆದಿದ್ದರೆ ಕೊನೆಯ ಮೋಟಾರಿಗೆ ವೋಲ್ಟೇಜ್ ಕುಸಿಯುತ್ತದೆ; ತಿರುಗುತ್ತಿರುವಾಗಲೇ ಅದರ ಟರ್ಮಿನಲ್‌ನಲ್ಲಿ ಎಲೆಕ್ಟ್ರಿಷಿಯನ್‌ರಿಂದ ಅಳೆಸಿ.

ಆದರೂ ದೊಡ್ಡ ಉಳಿತಾಯ ಇರುವುದು ಆಹಾರದಲ್ಲಿ. ಹಾಕಿದ ಒಂದು ಕೆಜಿ ಆಹಾರ ಕೊನೆಗೆ ಹೆಚ್ಚುಕಡಿಮೆ 1.1 ಕೆಜಿ ಆಮ್ಲಜನಕ ಬೇಡುತ್ತದೆ. ಕೆಜಿ ಸಿಗಡಿಗೆ 1.5 ಕೆಜಿ ಆಹಾರದ ಬದಲು 1.3ರಲ್ಲಿ ಬೆಳೆಸಿದರೆ 6,400 ಕೆಜಿ ಇಳುವರಿಗೆ 1,280 ಕೆಜಿ ಆಹಾರ ಉಳಿಯಿತು. 1,400 ಕೆಜಿ ಆಮ್ಲಜನಕದ ಬೇಡಿಕೆ ತಪ್ಪಿತು. ಹೊಂಡದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕೆಜಿ ಆಮ್ಲಜನಕ ಕರಗುತ್ತದೆಂದು ಹಿಡಿದರೆ ಅಷ್ಟೇ ಯೂನಿಟ್‌ಗಳು. ಶೇ. 35 ಪ್ರೋಟೀನಿನ ಆಹಾರವಾದರೆ 70 ಕೆಜಿಗೂ ಹೆಚ್ಚು ಸಾರಜನಕ ನೀರಿಗೆ ಸೇರದೆ ಉಳಿಯಿತು. ಹೆಕ್ಟೇರಿಗೆ ನಾಲ್ಕರಿಂದ ಆರು ಚೆಕ್ ಟ್ರೇ (ಆಹಾರ ಉಳಿಯಿತೇ ಎಂದು ನೋಡುವ ತಟ್ಟೆ) ಇಟ್ಟು, ಆಹಾರ ಹಾಕಿದ ಎರಡು ಗಂಟೆಯ ಬಳಿಕ ಎತ್ತಿ ನೋಡಿ. ಆಹಾರ ಉಳಿದಿದ್ದರೆ ಮುಂದಿನ ಹೊತ್ತಿಗೆ ಕಡಿತ ಮಾಡಿ. ಕೊಯ್ಲಿನ ಕೊನೆಯ ಕಪ್ಪು ನೀರು, ಕೆಸರು ನೇರ ಅಘನಾಶಿನಿಗೆ ಹೋಗಬಾರದು, ಬೇರೆ ಹೊಂಡದಲ್ಲಿ ತಂಗಿ ತಿಳಿಯಾಗಲಿ. ಬದುವಿನ ಹೊರಗಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಕಡಿಯಬೇಡಿ. ಬದು ನಿಂತಿರುವುದು ಅವುಗಳಿಂದ.

ಪ್ರಶ್ನೆ: ನಾನು ಸರಕು ಹಡಗಿನ ಕಿರಿಯ ಅಧಿಕಾರಿ. ನಮ್ಮ ಹಡಗಿನ ಸಿಐಐ (ಇಂಗಾಲ ಹೊರಸೂಸುವಿಕೆಯ ಅಳತೆ) ದರ್ಜೆ ಡಿಗೆ ಇಳಿದಿದೆ. ಎಂಜಿನ್ ಚೆನ್ನಾಗಿದೆ, ಆದರೂ ಯಾಕೆ?
— ಉಡುಪಿ

ಉತ್ತರ: 5,000 ಟನ್ನೇಜಿನಿಂದ ಮೇಲಿನ ಹಡಗುಗಳಿಗೆ 2023ರ ಜನವರಿ 1ರಿಂದ ಬಂದ ಈ ದರ್ಜೆ, ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹಡಗಿನ ಸಾಮರ್ಥ್ಯ ಮತ್ತು ಕ್ರಮಿಸಿದ ದೂರದಿಂದ ಭಾಗಿಸಿ ಬರುವುದು. ಲಂಗರು ಹಾಕಿ ಕಾಯುವಾಗ ಜನರೇಟರ್, ಬಾಯ್ಲರ್ ಸುಡುತ್ತಲೇ ಇರುತ್ತವೆ, ದೂರ ಮಾತ್ರ ಸೇರುವುದಿಲ್ಲ. ಆದ್ದರಿಂದ ಧಾವಿಸಿ ಹೋಗಿ ಕಾಯುವುದೇ ಮುಖ್ಯ ನಷ್ಟ. 14 ನಾಟ್‌ನಲ್ಲಿ ದಿನಕ್ಕೆ 28 ಟನ್ ಸುಡುವ ಹಡಗು 12.5ಕ್ಕೆ ಇಳಿದರೆ ಸುಮಾರು 20 ಟನ್ ಸುಡುತ್ತದೆ. 3,000 ಮೈಲಿಗೆ 250ರ ಬದಲು 200 ಟನ್. ಟನ್ ಭಾರ ಎಣ್ಣೆಗೆ 3.114 ಟನ್ ಇಂಗಾಲದ ಡೈಆಕ್ಸೈಡ್, ಅಂದರೆ 150 ಟನ್ನಿಗೂ ಮಿಗಿಲು ಉಳಿತಾಯ. ಬರ್ತ್ ಸಿಗುವುದು ಹತ್ತನೆಯ ದಿನವೆಂದು ಏಜೆಂಟ್ ಮೊದಲೇ ಹೇಳಿದರೆ ಒಂಬತ್ತನೆಯ ದಿನ ಮುಟ್ಟಿ ಪ್ರಯೋಜನವಿಲ್ಲ. ಆದರೆ ಬಾಡಿಗೆ ಕರಾರಿನಲ್ಲಿ ವೇಗ ಬರೆದಿದ್ದರೆ ನಿಧಾನಿಸುವ ತೀರ್ಮಾನ ಕ್ಯಾಪ್ಟನ್ ಒಬ್ಬರದ್ದಲ್ಲ, ಕಂಪನಿ ಮತ್ತು ಬಾಡಿಗೆದಾರರ ಲಿಖಿತ ಒಪ್ಪಿಗೆ ಬೇಕು. ಡಿ ಸತತ ಮೂರು ವರ್ಷ ಬಂದರೆ ಸುಧಾರಣಾ ಯೋಜನೆ ಬರೆದು ಒಪ್ಪಿಸಬೇಕಾಗುತ್ತದೆ, ಇ ಬಂದರೆ ಒಂದೇ ವರ್ಷಕ್ಕೆ.

ಪ್ರಶ್ನೆ: ಹಿನ್ನೀರಿನಲ್ಲಿ ಬಲೆ ಬಿಡುವ ಸಣ್ಣ ದೋಣಿಗೆ ಬ್ಯಾಟರಿ ಮೋಟಾರ್ ಆದೀತೆ?
— ಹೊನ್ನಾವರ

ಉತ್ತರ: ಶರಾವತಿ ಹಿನ್ನೀರಿಗೆ ಆದೀತು, ತೆರೆದ ಕಡಲಿನ ದೂರದ ಓಟಕ್ಕೆ ಬೇಡ. ಒಂದು ವಾರ ದಿನದ ಪೆಟ್ರೋಲ್ ಬರೆದಿಡಿ. ಸಣ್ಣ ಔಟ್‌ಬೋರ್ಡ್ ಒಂದು ಲೀಟರಿನಿಂದ ಸುಮಾರು 2 ಯೂನಿಟ್ ಕೆಲಸ ತೆಗೆಯುತ್ತದೆ. ದಿನಕ್ಕೆ 4 ಲೀಟರಾದರೆ 8 ಯೂನಿಟ್. ಮೋಟಾರಿನ ನಷ್ಟ ಮತ್ತು ಶೇ. 20 ಮೀಸಲು ಸೇರಿ 12 ಯೂನಿಟ್ ಬ್ಯಾಟರಿ, ತೂಕ ನೂರು ಕೆಜಿಯಷ್ಟು. ಅದನ್ನು ದೋಣಿಯ ಹಿಂಬದಿಗೆ ಪೇರಿಸದೆ ನಡುವಿನಲ್ಲಿ, ತಳಕ್ಕೆ ಬಿಗಿದು ಇಡಿ. ಉಪ್ಪುನೀರಿನ ತುಂತುರು ಟರ್ಮಿನಲ್ಲಿಗೆ ತಾಗದಂತೆ ಐಪಿ67 (ನೀರು ಒಳನುಗ್ಗದ) ಪೆಟ್ಟಿಗೆಯೇ ಇರಲಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಬರಲಿ, ಮತ್ತು ಹುಟ್ಟು ಎರಡು ದೋಣಿಯಲ್ಲಿ ಸದಾ ಇರಲಿ.